ಸಿ ಪ್ರೋಗ್ರಾಮಿನಿಂದ ರಾ ಫ್ರೇಮ್ ಕಳಿಸುವುದು: ನನ್ನ ಅನುಭವ

ಟಿಸಿಪಿ, ಯುಡಿಪಿ ಸಾಕೆಟ್‌ಗಳಲ್ಲಿ ಕೆಲಸ ಮಾಡುವಾಗ ಈಥರ್ನೆಟ್ ಹೆಡರ್ ಕಣ್ಣಿಗೇ ಬೀಳುವುದಿಲ್ಲ, ಕರ್ನಲ್ಲೇ ತುಂಬಿಕೊಡುತ್ತದೆ. ರಾ ಫ್ರೇಮ್‌ನಲ್ಲಿ, ಅಂದರೆ ಹೆಡರ್ ಸಮೇತ ನಾವೇ ಕಟ್ಟಿ ಕಳಿಸುವ ಈಥರ್ನೆಟ್ ಪೊಟ್ಟಣದಲ್ಲಿ, ಒಂದೊಂದು ಬೈಟಿಗೂ ನಾವೇ ಹೊಣೆ. ಹಾಗಾಗಿ ನಾನು ಮೊದಲು ಕಳಿಸಿ ನೋಡುವುದು ಎಆರ್‌ಪಿ ಪ್ರಶ್ನೆಯನ್ನು, ಅಂದರೆ ‘ಈ ಐಪಿ ಯಾರದು, ನಿಮ್ಮ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ವಿಳಾಸ) ಹೇಳಿ’ ಎಂದು ಕೇಳುವುದನ್ನು. ಚಿಕ್ಕದು, ಚೆಕ್‌ಸಮ್ (ತಪ್ಪು ಹಿಡಿಯಲು ಸೇರಿಸುವ ಮೊತ್ತ) ಇಲ್ಲ, ಸರಿಯಿದ್ದರೆ ಆಚೆಯ ಮಷೀನು ತಾನಾಗಿಯೇ ಉತ್ತರಿಸುತ್ತದೆ.

ಲಿನಕ್ಸ್‌ನಲ್ಲಿ ಸಾಕೆಟ್‌ನ ಕುಟುಂಬ ಎಎಫ್_ಪ್ಯಾಕೆಟ್, ಬಗೆ ಸಾಕ್_ರಾ. ಮೂರನೆಯದು ಪ್ರೋಟೊಕಾಲ್. ಕಳಿಸುವುದಷ್ಟೇ ಇದ್ದರೆ ಅಲ್ಲಿ 0 ಕೊಡಿ. ಇಟಿಎಚ್_ಪಿ_ಆಲ್ (ಎಲ್ಲ ಬಗೆಯ ಫ್ರೇಮ್‌ಗಳೂ ಬೇಕು ಎಂಬ ಗುರುತು, ಬೆಲೆ 0003) ಕೊಟ್ಟರೆ, ಸಾಕೆಟನ್ನು ಒಂದು ಇಂಟರ್‌ಫೇಸ್‌ಗೆ ಬೈಂಡ್ ಮಾಡುವ (ಕಟ್ಟುವ) ಮೊದಲೇ ಎಲ್ಲ ಇಂಟರ್‌ಫೇಸ್‌ಗಳ ಫ್ರೇಮ್‌ಗಳೂ ಬಫರಿಗೆ ಬಂದು ಬೀಳತೊಡಗುತ್ತವೆ. ಓದುವುದೂ ಬೇಕಿದ್ದರೆ ಅದಕ್ಕೆ ಬೈಟ್‌ಗಳನ್ನು ನೆಟ್‌ವರ್ಕಿನ ಕ್ರಮಕ್ಕೆ ತಿರುಗಿಸುವ ಎಚ್‌ಟಿಒಎನ್‌ಎಸ್ ಹಾಕಲೇಬೇಕು. ಇಂಟೆಲ್ ಮಷೀನಿನಲ್ಲಿ ಅದಿಲ್ಲದಿದ್ದರೆ 0003 ಎಂಬುದು 0300 ಆಗುತ್ತದೆ. ಎರರ್ ಬರುವುದಿಲ್ಲ, ಫ್ರೇಮೂ ಬರುವುದಿಲ್ಲ.

ಇದಕ್ಕೆ ರೂಟ್ ಬೇಕಿಲ್ಲ, ಸೆಟ್‌ಕ್ಯಾಪ್ ಕಮಾಂಡಿನಿಂದ ಪ್ರೋಗ್ರಾಮಿಗೆ ಕ್ಯಾಪ್_ನೆಟ್_ರಾ ಎಂಬ ಅನುಮತಿ ಕೊಟ್ಟರೆ ಸಾಕು. ಆದರೆ ಮತ್ತೆ ಕಂಪೈಲ್ ಮಾಡಿದಾಗ ಹೊಸ ಫೈಲಿಗೆ ಆ ಅನುಮತಿ ಇರುವುದಿಲ್ಲ. ‘ಆಪರೇಷನ್ ನಾಟ್ ಪರ್ಮಿಟೆಡ್’ ಬರುತ್ತದೆ. ಸೆಟ್‌ಕ್ಯಾಪ್ ಸಾಲನ್ನು ಮೇಕ್‌ಫೈಲ್‌ನಲ್ಲೇ ಸೇರಿಸಿಬಿಡುವುದು ಒಳ್ಳೆಯದು.

ಇನ್ನು ಫ್ರೇಮ್. ಮೊದಲ 6 ಬೈಟ್ ತಲುಪಬೇಕಾದ ವಿಳಾಸ, ಎಲ್ಲ ಎಫ್‌ಎಫ್ (ಎಲ್ಲರಿಗೂ ಎಂದರ್ಥ). ಮುಂದಿನ 6 ನಮ್ಮ ಮ್ಯಾಕ್ ವಿಳಾಸ, ಆಮೇಲೆ ಒಳಗಿರುವುದು ಎಆರ್‌ಪಿ ಎಂದು ಹೇಳುವ 08 06. ಎಆರ್‌ಪಿ ಭಾಗ ಶುರುವಾಗುವುದು 00 01 08 00 06 04 00 01 ಎಂದು. ಅದಾದ ಮೇಲೆ ನಮ್ಮ ಮ್ಯಾಕ್, ನಮ್ಮ ಐಪಿ, ಆರು ಸೊನ್ನೆ, ಕೇಳುತ್ತಿರುವ ಐಪಿ. ಹೆಡರ್ 14, ಎಆರ್‌ಪಿ 28, ಒಟ್ಟು 42. ಈಥರ್ನೆಟ್‌ನ ಕನಿಷ್ಠ ಅಳತೆ 60. ಬಹಳಷ್ಟು ಡ್ರೈವರ್‌ಗಳು ಉಳಿದದ್ದನ್ನು ತುಂಬುತ್ತವೆ, ಆದರೂ ನಾನು ಸೊನ್ನೆ ತುಂಬಿದ 60 ಬೈಟಿನ ಅರೇಯನ್ನೇ ಕಳಿಸುತ್ತೇನೆ. ಕೊನೆಯ 4 ಬೈಟಿನ ಸಿಆರ್‌ಸಿಯನ್ನು (ಫ್ರೇಮ್ ಕೆಟ್ಟಿದೆಯೇ ಎಂದು ನೋಡುವ ಸಂಖ್ಯೆ) ಕಾರ್ಡು ಸೇರಿಸುತ್ತದೆ, ನಾವು ಹಾಕಬಾರದು.

ಇದನ್ನು ಸ್ಟ್ರಕ್ಟ್‌ನಲ್ಲಿ ಬರೆದವರು ಎಡವುವ ಜಾಗ ಒಂದಿದೆ. ಎಆರ್‌ಪಿಯಲ್ಲಿ ಕಳಿಸುವವರ ಐಪಿ, 0ಯಿಂದ ಎಣಿಸಿದರೆ, 14ನೇ ಬೈಟಿನಿಂದ ಶುರು. ಅದನ್ನು 32 ಬಿಟ್ ಸಂಖ್ಯೆ ಎಂದು ಬರೆದರೆ ಕಂಪೈಲರ್ ಮುಂದೆ 2 ಬೈಟ್ ಖಾಲಿ ಬಿಟ್ಟು, 4ರಿಂದ ಭಾಗವಾಗುವ 16ಕ್ಕೆ ತಳ್ಳುತ್ತದೆ. ಹೋಗಿಬರುವ ಫ್ರೇಮ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ 192.168.1.5 ಬದಲು 0.0.192.168 ಕಂಡರೆ, ಕೇಳಿದ ವಿಳಾಸ 0.0.0.0 ಎಂದು ಕಂಡರೆ, ಕಾರಣ ಇದೇ. ಖಾಲಿ ಜಾಗ ಬಿಡದಂತೆ ಸ್ಟ್ರಕ್ಟನ್ನು ಪ್ಯಾಕ್ಡ್ ಎಂದು ಗುರುತು ಮಾಡಬಹುದು. ನನಗೆ ಬರೀ ಬೈಟ್ ಅರೇ, ಮೆಮ್‌ಕಾಪಿ ಇವೇ ವಾಸಿ.

ಸೆಂಡ್‌ಟು ಕರೆಗೆ ಕೊಡುವ ವಿಳಾಸದಲ್ಲಿ ಮುಖ್ಯವಾದದ್ದು ಇಂಟರ್‌ಫೇಸ್‌ನ ಸಂಖ್ಯೆ. ಇಫ್_ನೇಮ್‌ಟುಇಂಡೆಕ್ಸ್ ಅದನ್ನು ಕೊಡುತ್ತದೆ. ಹೆಸರು ತಪ್ಪಿದ್ದರೆ ಅದು 0 ಕೊಡುತ್ತದೆ, ಅದನ್ನೇ ಕಳಿಸಿದರೆ ‘ನೋ ಸಚ್ ಡಿವೈಸ್ ಆರ್ ಅಡ್ರೆಸ್’. ಎಂಟಿಯು (ಹೆಡರ್ ಬಿಟ್ಟು ಒಂದು ಫ್ರೇಮ್ ಹೊರಬಹುದಾದ ಗರಿಷ್ಠ ಬೈಟ್) 1500 ಇದ್ದು ಫ್ರೇಮ್ 1514 ದಾಟಿದರೆ ‘ಮೆಸೇಜ್ ಟೂ ಲಾಂಗ್’.

ಸೆಂಡ್‌ಟು 60 ಎಂದು ವಾಪಸು ಕೊಟ್ಟಿತೆಂದ ಮಾತ್ರಕ್ಕೆ ಫ್ರೇಮ್ ತಂತಿಗೆ ಹೋಯಿತೆಂದಲ್ಲ, ಸಾಲಿನಲ್ಲಿ ನಿಂತಿತು ಅಷ್ಟೆ. ಅದೇ ಮಷೀನಿನ ಟಿಸಿಪಿಡಂಪ್ ನೋಡುವುದೂ ಡ್ರೈವರಿಗೆ ಸಿಗುವ ಮುಂಚಿನ ಪ್ರತಿಯನ್ನು. ಆಚೆ ತುದಿಯಲ್ಲೇ ನೋಡಬೇಕು. ಎರಡನೇ ಮಷೀನು ಇಲ್ಲದಿದ್ದರೆ ವೆತ್ ಜೋಡಿ (ತಂತಿಯಿಂದ ಜೋಡಿಸಿದಂತಿರುವ ಎರಡು ಕಾಲ್ಪನಿಕ ಇಂಟರ್‌ಫೇಸ್) ಮಾಡಿ, ಒಂದು ತುದಿಯನ್ನು ಬೇರೆ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೆ (ಅದೇ ಮಷೀನಿನೊಳಗಿನ ಪ್ರತ್ಯೇಕ ನೆಟ್‌ವರ್ಕ್) ಹಾಕಿ ಐಪಿ ಕೊಡಿ.

ಎಆರ್‌ಪಿ ದಾಟಿ ಐಪಿ ಪ್ಯಾಕೆಟ್ ಕಟ್ಟುವಾಗ ಚೆಕ್‌ಸಮ್ ನೀವೇ ಲೆಕ್ಕ ಹಾಕಬೇಕು. ಮಾಮೂಲಿ ಟಿಸಿಪಿ ಪ್ಯಾಕೆಟ್‌ಗಳು ಹೊರಡುವಾಗ ಟಿಸಿಪಿಡಂಪ್‌ನಲ್ಲಿ ಚೆಕ್‌ಸಮ್ ತಪ್ಪೆಂದೇ ಕಾಣುವುದುಂಟು, ಅದನ್ನು ಕಾರ್ಡು ಆಮೇಲೆ ಸರಿಮಾಡುತ್ತದೆ. ನಮ್ಮ ಫ್ರೇಮಿಗೆ ಆ ಉಪಕಾರವಿಲ್ಲ.

ಫ್ರೀಬಿಎಸ್‌ಡಿ, ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಎಎಫ್_ಪ್ಯಾಕೆಟ್ ಇಲ್ಲ. ಫ್ರೇಮ್ ಓದಿ ಬರೆಯಲು ಅಲ್ಲಿರುವ ಬಿಪಿಎಫ್ ಡಿವೈಸ್ ತೆರೆದು, ಬಿಐಒಸಿಸೆಟ್‌ಇಫ್‌ನಿಂದ ಇಂಟರ್‌ಫೇಸ್‌ಗೆ ಕಟ್ಟಿ, ರೈಟ್ ಮಾಡಬೇಕು. ಮ್ಯಾಕ್ ಕಂಪ್ಯೂಟರಿನಲ್ಲಿ ಬಿಪಿಎಫ್0 ಬಿಡುವಿಲ್ಲದಿದ್ದರೆ 1, 2 ಎಂದು ಮುಂದಕ್ಕೆ ಹೋಗಿ. ಬಿಐಒಸಿಎಸ್‌ಎಚ್‌ಡಿಆರ್‌ಸಿಎಂಪಿಎಲ್‌ಟಿಯನ್ನು 1 ಮಾಡದಿದ್ದರೆ ಕಳಿಸುವವರದೆಂದು ನೀವು ಬರೆದ ಮ್ಯಾಕ್ ವಿಳಾಸ ಅಳಿಸಿ ಕರ್ನಲ್ ತನ್ನದನ್ನು ಹಾಕುತ್ತದೆ.

ಪ್ರಯೋಗಕ್ಕೆಂದು 02:00:00:00:00:01 ಥರದ ಮ್ಯಾಕ್ ವಿಳಾಸ ಕಟ್ಟಿಕೊಂಡು ಕೇಳಿದಾಗ, ಟಿಸಿಪಿಡಂಪ್ ತೆರೆದಿದ್ದಷ್ಟು ಹೊತ್ತು ಉತ್ತರ ಬರುತ್ತದೆ, ಮುಚ್ಚಿದ ಕೂಡಲೇ ನಿಲ್ಲುತ್ತದೆ. ಟಿಸಿಪಿಡಂಪ್ ಕಾರ್ಡನ್ನು ಪ್ರಾಮಿಸ್ಕ್ಯುಯಸ್ ಮೋಡ್‌ಗೆ ಹಾಕಿರುತ್ತದೆ. ಅದಿಲ್ಲದಾಗ ತನ್ನದಲ್ಲದ ಮ್ಯಾಕ್‌ಗೆ ಬಂದ ಫ್ರೇಮನ್ನು ಕಾರ್ಡೇ ಬಿಸಾಡುತ್ತದೆ. ಪ್ರೋಗ್ರಾಮಿನೊಳಗೆ ಪ್ಯಾಕೆಟ್_ಆ್ಯಡ್_ಮೆಂಬರ್‌ಶಿಪ್‌ನಿಂದ ಆ ಮೋಡ್ ಹಾಕಿಸಿ, ಅಥವಾ ಕಾರ್ಡಿನ ಸ್ವಂತ ಮ್ಯಾಕ್ ಬಳಸಿ. ವೈ-ಫೈಯಲ್ಲಂತೂ ಸ್ವಂತ ಮ್ಯಾಕ್ ಬಿಟ್ಟು ಬೇರೆಯದನ್ನು ಹಾಕಿದರೆ ಫ್ರೇಮ್ ಸಾಮಾನ್ಯವಾಗಿ ಆ್ಯಕ್ಸೆಸ್ ಪಾಯಿಂಟ್ ದಾಟುವುದೇ ಇಲ್ಲ.