ಅಪ್ಪನ ಹಳೇ ಬೈಕಿಗೆ ಹೊಸ ರೂಪ: ಮನೆ ಅಂಗಳದಲ್ಲೇ ಶುರು ಮಾಡಿ

ದಾವಣಗೆರೆಯ ಯಾವ ಓಣಿಗೆ ಹೋದರೂ ಒಂದು ಹಳೇ ಬೈಕು ಗೋಡೆಗೆ ಒರಗಿ ನಿಂತಿರುತ್ತದೆ. ಮೇಲೊಂದು ಗೋಣಿಚೀಲ, ಚೀಲದ ಮೇಲೆ ಧೂಳು. ನಿಟುವಳ್ಳಿಯ ನಮ್ಮ ಮನೆಯಲ್ಲೂ ಇತ್ತು. ಅಪ್ಪ 1998ರಲ್ಲಿ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್, ವರ್ಷಗಟ್ಟಲೆ ದಿನಾ ಹರಿಹರಕ್ಕೆ ಹೋಗಿ ಬಂದ ಗಾಡಿ. ಅದನ್ನು ತಗಡಿನ ಶೀಟಿನ ಕೆಳಗೆ ನಾನೇ ಬಿಚ್ಚಿ, ನಾನೇ ಜೋಡಿಸಿದೆ. ಗ್ಯಾರೇಜಿನ ಅನುಭವ ಏನೂ ಇರಲಿಲ್ಲ. ನಿಮಗೂ ಆಗುತ್ತದೆ.

ಆದರೆ ಒಂದು ಕಟ್ಟುಪಾಡು ಹಾಕಿಕೊಳ್ಳಿ. ಬೋಲ್ಟ್ ಬಿಚ್ಚಿ ಬದಲಾಯಿಸಿ, ಬೇಕಾದರೆ ಮತ್ತೆ ಮೊದಲಿನಂತೆ ಕೂರಿಸಬಹುದಾದದ್ದಕ್ಕೆ ಮಾತ್ರ ಕೈ ಹಾಕಿ. ಗ್ರೈಂಡರ್ ಹಿಡಿದು ಚಾಸಿ (ಗಾಡಿಯ ಚೌಕಟ್ಟು) ಕತ್ತರಿಸುವುದು, ವೆಲ್ಡಿಂಗ್ ಮಾಡಿಸುವುದು ಮೊದಲ ಗಾಡಿಯಲ್ಲಿ ಬೇಡವೇ ಬೇಡ.

ಕಲಿಯುವುದಕ್ಕೆ ಸ್ಪ್ಲೆಂಡರ್ ಥರದ ಸಾದಾ ನೂರು ಸಿಸಿ ಗಾಡಿಯೇ ಒಳ್ಳೆಯದು. ಬಿಡಿಭಾಗ ಎಲ್ಲಾ ಕಡೆ ಸಿಗುತ್ತದೆ. ಯಮಹಾ ಆರ್‌ಎಕ್ಸ್ 100 ಅಂದರೆ ನನಗೂ ಪ್ರಾಣ. ಆದರೆ ಅದರ ತಯಾರಿಕೆ 1996ಕ್ಕೇ ನಿಂತಿತು. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಅದೇ ವರ್ಷ ಮುಚ್ಚಿತು. ಅಂಥ ಗಾಡಿ ಮನೆಯಲ್ಲಿದ್ದರೆ ಕೈ ಪಳಗುವವರೆಗೆ ಹಾಗೇ ಜೋಪಾನವಾಗಿ ಇಟ್ಟಿರಿ.

ಮೊದಲು ಕಾಗದ

ಆರ್‌ಸಿ ತೆಗೆದು ನೋಡಿ. ಸ್ವಂತ ಬೈಕಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಅದು ಮುಗಿದಿದ್ದರೆ ಆರ್‌ಟಿಒ ಕೆಲಸವೇ ಮೊದಲು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಜೈಲು ಶಿಕ್ಷೆಗೂ ಅವಕಾಶ ಇದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಅದನ್ನು ಬರೆಸಬೇಕು. ನಾನು ಮೊದಲಿನ ಕಪ್ಪು ಬಣ್ಣವನ್ನೇ ಹೊಡೆದೆ.

ಹಿಂದಿನ ಮಡ್‌ಗಾರ್ಡ್, ಸೀರೆ ಗಾರ್ಡ್ ಕಿತ್ತರೆ ಗಾಡಿ ಚೆನ್ನಾಗಿ ಕಾಣುತ್ತದೆ ಅಂತ ಹುಡುಗರು ಹೇಳುತ್ತಾರೆ. ಕೇಳಬೇಡಿ. ಹಿಂದೆ ಕೂತವರಿಗೆ ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದಂತೆ ಮರೆ, ಇವೆಲ್ಲ ಇರಲೇಬೇಕು ಅಂತ ನಿಯಮವೇ ಇದೆ. ಸೆರಗು, ವೇಲು ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆ ಅಂತ ನಮಗೆ ಗೊತ್ತಿಲ್ಲದ್ದೇನಲ್ಲ.

ಬಿಚ್ಚುವುದು

ಒಂದು ಪಾರ್ಟ್ ತೆಗೆಯುವ ಮುಂಚೆ ಮೊಬೈಲಿನಲ್ಲಿ ಮೂರು ಫೋಟೋ: ದೂರದಿಂದ, ಹತ್ತಿರದಿಂದ, ವೈರು ಹೋಗುವ ದಾರಿ. ಬೋಲ್ಟುಗಳನ್ನು ಇಡಲು ಹಳೇ ಇಡ್ಲಿ ತಟ್ಟೆ ತುಂಬಾ ಅನುಕೂಲ. ಒಂದು ಗುಳಿಯಲ್ಲಿ ಸೀಟಿನ ಬೋಲ್ಟು, ಇನ್ನೊಂದರಲ್ಲಿ ಟ್ಯಾಂಕಿನದು. ಪಕ್ಕದಲ್ಲಿ ಚೀಟಿ ಅಂಟಿಸಿ.

ಇಂಜಿನ್ ಕವರಿನ ಸ್ಟಾರ್ ಸ್ಕ್ರೂಗಳ ಹತ್ತಿರ ನಿಧಾನ. ಜಪಾನಿ ವಿನ್ಯಾಸದ ಈ ಗಾಡಿಗಳ ಸ್ಕ್ರೂ ತಲೆಯ ಗೀರು ಸ್ವಲ್ಪ ಬೇರೆ ಥರ. ಸಾದಾ ಸ್ಕ್ರೂಡ್ರೈವರ್ ಹಾಕಿ ತಿರುವಿದರೆ ತುದಿ ಮೇಲಕ್ಕೆ ಜಾರಿ, ತಲೆ ಸವೆದು ನುಣ್ಣಗಾಗಿಬಿಡುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಎರಡೇಟು ಕೊಡಿ. ಟಕ್ ಅಂತ ಸಡಿಲಾಗುವ ಆ ಸದ್ದು ಕೇಳಿದರೆ ಅರ್ಧ ಕೆಲಸ ಮುಗಿದಂತೆ. ಇಂಜಿನ್ ಒಳಗೆ ಮಾತ್ರ ಹೋಗಬೇಡಿ, ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ಬಣ್ಣಕ್ಕಿಂತ ಮುಂಚೆ ಬ್ರೇಕು

ಚಕ್ರ ಬಿಚ್ಚಿ ಬ್ರೇಕ್ ಶೂ ನೋಡಿ. ಲೈನಿಂಗ್ ಸವೆದಿದ್ದರೆ, ಎಣ್ಣೆ ಹೀರಿದ್ದರೆ ಹೊಸದು ಹಾಕಿ, ಉಳಿಸಲು ನೋಡಬೇಡಿ. ಶೂ ಕೂರುವ ಡ್ರಮ್ಮಿನ ಧೂಳನ್ನು ಬಾಯಿಂದ ಊದಲೇಬೇಡಿ. ಹಳೇ ಶೂಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಶ್ವಾಸಕೋಶಕ್ಕೆ ಅದು ವಿಷ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಚೈನು ಸವೆದಿದ್ದರೆ ಅದು ಕೂರುವ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್ ಸಮೇತ ಬದಲಿಸಿ. ಟೈರು ನೋಡಲು ಚೆನ್ನಾಗಿದ್ದರೂ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಅದರ ಕಥೆ ಮುಗಿಯಿತು.

ವೈರಿಂಗ್ ಮುಟ್ಟುವ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ. ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಅಲ್ವಾ? ಹಳೇ ಸ್ಪ್ಲೆಂಡರಿನ ಹೆಡ್‌ಲೈಟಿಗೆ ಕರೆಂಟು ಬರುವುದು ಬ್ಯಾಟರಿಯಿಂದಲ್ಲ, ಇಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ಟಿನಿಂದ ನೇರವಾಗಿ. ಅದಕ್ಕೇ ಆಕ್ಸಿಲರೇಟರ್ ಬಿಟ್ಟರೆ ಬೆಳಕು ಕುಗ್ಗುತ್ತದೆ. ಅಲ್ಲಿ ಸಾದಾ ಎಲ್‌ಇಡಿ ಹಾಕಿದರೆ ಮಿಣುಕುತ್ತದೆ. ಸುಮ್ನೆ ದುಡ್ಡು ದಂಡ. ಬಲ್ಬಿನ ಹಿಂದಿನ ಹೊಳೆಯುವ ರಿಫ್ಲೆಕ್ಟರ್ ಮಂಕಾಗಿದ್ದರೆ ಹೊಸದು ಹಾಕಿ, ಕನೆಕ್ಷನ್ನಿನ ಕಿಲುಬು ತೆಗೆಯಿರಿ. ವ್ಯತ್ಯಾಸ ಆ ರಾತ್ರಿಯೇ ಕಾಣುತ್ತದೆ.

ಟ್ಯಾಂಕು

ನೋಡಿದವರ ಕಣ್ಣು ಮೊದಲು ಹೋಗುವುದು ಇಲ್ಲಿಗೇ. ಹಾಗಾಗಿ ಜಾಸ್ತಿ ದಿನ ಇದಕ್ಕೇ ಇಡಿ.

ಪೆಟ್ರೋಲನ್ನು ಬಯಲಿನಲ್ಲಿ, ಒಲೆ, ಬೀಡಿ, ಸ್ವಿಚ್ಚು ಹತ್ತಿರ ಇಲ್ಲದ ಕಡೆ ಕ್ಯಾನಿಗೆ ಇಳಿಸಿ. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗೆ ಪೆಟ್ರೋಲಿನ ಆವಿ ತುಂಬಿರುತ್ತದೆ. ಒಳಗೆ ತುಕ್ಕಿದ್ದರೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ, ತೂತು ಮುಚ್ಚಿ, ಬಿಳಿ ವಿನೆಗರ್ ತುಂಬಿ ಒಂದು ದಿನ ಬಿಡಿ. ಒಂದು ಹಿಡಿ ನಟ್ಟು ಹಾಕಿ ಕುಲುಕಿ. ಕಂದು ನೀರು ಸುರಿಯುತ್ತದೆ. ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ, ತಕ್ಷಣ ಒಳಗೆ ಸ್ವಲ್ಪ ಇಂಜಿನ್ ಆಯಿಲ್ ಸವರಿಬಿಡಿ. ತಡ ಮಾಡಿದರೆ ಸಂಜೆಗೇ ಮತ್ತೆ ಕೆಂಪಗೆ ತುಕ್ಕು ಏಳುತ್ತದೆ.

ಹೊರಗೆ 220 ನಂಬರಿನ ಉಪ್ಪುಕಾಗದದಿಂದ ತುಕ್ಕು ಉಜ್ಜಿ, ತಗ್ಗಿದ್ದಲ್ಲಿ ಪುಟ್ಟಿ ತುಂಬಿ, ಪ್ರೈಮರ್ ಹೊಡೆದು, 400ರಲ್ಲಿ ನಯ ಮಾಡಿ. ಕೊನೆಗೆ 800ರ ಕಾಗದವನ್ನು ನೀರಲ್ಲಿ ನೆನೆಸಿ ಉಜ್ಜಿ. ಕಣ್ಣು ಮುಚ್ಚಿ ಅಂಗೈ ಸವರಿ ನೋಡಿ. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತದೆ.

ನಮ್ಮೂರಿನ ಬೇಸಿಗೆಯಲ್ಲಿ ಮಧ್ಯಾಹ್ನ ಬಣ್ಣ ಹೊಡೆಯಬೇಡಿ. ಲೋಹ ಕಾದಿರುತ್ತದೆ, ಬಣ್ಣ ಬೀಳುವ ಮುಂಚೆಯೇ ಒಣಗಿ ಒರಟಾಗುತ್ತದೆ. ಬೆಳಿಗ್ಗೆ ಬೇಗ ಎದ್ದು ಅಂಗಳಕ್ಕೆ ನೀರು ಚಿಮುಕಿಸಿ, ಧೂಳು ಕೂತ ಮೇಲೆ ನೆರಳಿನಲ್ಲಿ ಶುರು ಮಾಡಿ. ಒಂದೇ ಸಲ ದಪ್ಪ ಬೇಡ. ತೆಳ್ಳಗೆ ಹೊಡೆದು, ಕಾಲು ಗಂಟೆ ಬಿಟ್ಟು, ಮತ್ತೆ ತೆಳ್ಳಗೆ.

ಇಲ್ಲಿ ನನಗಾದ ನಷ್ಟ ಹೇಳಬೇಕು. ಡಬ್ಬಿ ಸ್ಪ್ರೇಯಲ್ಲಿ ಬಣ್ಣ ಹೊಡೆದು, ಮೇಲೆ ಸಾದಾ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಪದರ) ಹೊಡೆದಿದ್ದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ಮೊದಲ ಸಲ ಪೆಟ್ರೋಲ್ ತುಂಬಿಸುವಾಗ ಮುಚ್ಚಳದ ಸುತ್ತ ನಾಲ್ಕು ಹನಿ ಚೆಲ್ಲಿತು. ಮನೆಗೆ ಬರುವಷ್ಟರಲ್ಲಿ ಬಿಸಿ ಹಾಲಿನ ಮೇಲಿನ ಕೆನೆಯಂತೆ ಬಣ್ಣ ಸುಕ್ಕುಗಟ್ಟಿತ್ತು. ಬೆರಳು ತಾಗಿದರೆ ಎದ್ದು ಬರುತ್ತಿತ್ತು. ಸಾದಾ ಕ್ಲಿಯರ್ ಪೆಟ್ರೋಲಿಗೆ ತಡೆಯುವುದಿಲ್ಲ. ಹಾರ್ಡ್‌ನರ್ (ಪದರವನ್ನು ಗಟ್ಟಿಯಾಗಿಸುವ ದ್ರವ) ಬೆರೆಸಿ ಹೊಡೆಯುವ 2ಕೆ ಕ್ಲಿಯರ್ ಬೇಕು. ಆದರೆ ಅದರ ಆವಿಯಲ್ಲಿ ಉಸಿರಾಟಕ್ಕೆ ಅಪಾಯವಾದ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಬಟ್ಟೆ ಮಾಸ್ಕ್ ಅದನ್ನು ತಡೆಯದು. ಆದ್ದರಿಂದ ಉಜ್ಜುವ ಕೆಲಸ ಎಲ್ಲ ನೀವೇ ಮಾಡಿ, ಟ್ಯಾಂಕಿನ ಬಣ್ಣ ಮತ್ತು ಕ್ಲಿಯರ್ ಮಾತ್ರ ಪೇಂಟರ್ ಹತ್ತಿರ ಹೊಡೆಸಿ. ಎರಡನೇ ಸಲ ನಾನು ಹಾಗೇ ಮಾಡಿದೆ. ಸೈಡ್ ಕವರ್, ಮಡ್‌ಗಾರ್ಡ್ ಮನೆಯಲ್ಲೇ ಹೊಡೆದುಕೊಳ್ಳಬಹುದು.

ಸೀಟು, ಹ್ಯಾಂಡಲ್

ಸೀಟಿಗೆ ಹೊಸ ಫೋಮು, ಹೊಸ ರೆಕ್ಸಿನ್ ಹಾಕಿಸಿದರೆ ಅರ್ಧ ಗಾಡಿ ಬದಲಾದಂತೆ ಕಾಣುತ್ತದೆ. ಹಳೇ ಸೀಟಿನ ತಳವನ್ನೇ ಇಟ್ಟುಕೊಳ್ಳಿ.

ಹ್ಯಾಂಡಲ್ ಬದಲಿಸುವುದಾದರೆ ಮೇಲೆ ಹೇಳಿದ 52ನೇ ಸೆಕ್ಷನ್ ಮೀರದಂತೆ ನೋಡಿಕೊಳ್ಳಿ, ಕೇಬಲ್ ಸಾಲುತ್ತದೆಯೇ ನೋಡಿ. ಸ್ಟ್ಯಾಂಡ್ ಹಾಕಿ, ಗಾಡಿ ಚಾಲೂ ಮಾಡಿ, ಹ್ಯಾಂಡಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಇಂಜಿನ್ ಸದ್ದು ತಾನಾಗೇ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಅಂತ ಅರ್ಥ. ತಿರುವಿನಲ್ಲಿ ಗಾಡಿ ತಾನೇ ಮುಂದಕ್ಕೆ ನುಗ್ಗುತ್ತದೆ. ಅದು ಸರಿಯಾಗುವವರೆಗೆ ರಸ್ತೆಗೆ ಇಳಿಸಬೇಡಿ.

ಮೊದಲ ಸವಾರಿ

ಓಣಿಯಲ್ಲೇ ನಾಲ್ಕು ಸಲ ಓಡಿಸಿ, ನಾಲ್ಕು ಸಲ ಬ್ರೇಕ್ ಹಿಡಿಯಿರಿ. ಆಮೇಲೆ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಕೊಂಡಜ್ಜಿ ಕಡೆ ಒಂದು ಸುತ್ತು. ಹೆಲ್ಮೆಟ್ ಇರಲಿ, ಜೇಬಿನಲ್ಲಿ ಒಂದು ಪಾನ (ಸ್ಪ್ಯಾನರ್), ಒಂದು ಸ್ಪಾರ್ಕ್ ಪ್ಲಗ್ ಇರಲಿ. ಕೊಂಡಜ್ಜಿ ಕೆರೆ ಹತ್ತಿರ ನಿಲ್ಲಿಸಿದಾಗ ಎರಡೂ ಚಕ್ರದ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ತಣ್ಣಗಿದ್ದು ಇನ್ನೊಂದು ಸುಡುತ್ತಿದ್ದರೆ ಆ ಬ್ರೇಕು ಹಿಡಿದುಕೊಂಡೇ ಇದೆ, ಅಲ್ಲೇ ಅಡ್ಜಸ್ಟ್ ನಟ್ಟು ಸಡಿಲಿಸಿ. ವಾಪಸ್ ಬಂದು ಗಾಡಿ ಆರಿದ ಮೇಲೆ, ನೀವು ಬಿಚ್ಚಿ ಜೋಡಿಸಿದ ಒಂದೊಂದು ಬೋಲ್ಟಿಗೂ ಮತ್ತೊಮ್ಮೆ ಪಾನ ಹಾಕಿ.