ಉದ್ದದ ಹುಡುಗರ ಶೂಟಿಂಗ್, ಹಾಳೆ ಮತ್ತು ದೋಟಿ

ಮೂರು ವರ್ಷದ ಹಿಂದೆ ಮಂಗಳೂರು ಕಡೆಯ ಒಬ್ಬ ಹಿರಿಯ ಬಾಸ್ಕೆಟ್‌ಬಾಲ್ ಕೋಚ್ ಎಲ್ಲರ ಎದುರು ನನ್ನನ್ನು ಕೇಳಿದ್ದರು: "ಪೋಸ್ಟಿನವ ಹೊರಗೆ ಬಂದು ಶೂಟ್ ಮಾಡಿದರೆ ರೀಬೌಂಡ್ ಹಿಡಿಯುವುದು ಯಾರು, ನಿಮ್ಮ ಭಾವನಾ?" ಪೋಸ್ಟಿನವ ಅಂದರೆ ರಿಂಗಿನ ಅಡಿಯಲ್ಲಿ ನಿಲ್ಲುವ ಉದ್ದದವ, ರೀಬೌಂಡ್ ಅಂದರೆ ಬೀಳದೆ ಪುಟಿದು ಬಂದ ಬಾಲ್. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗದೆ ಎಂಥ ಮಾಡುವುದು? ಆ ದಿನ ನಮ್ಮ ಮೂವರು ಉದ್ದದ ಹುಡುಗರು ಸೇರಿ 14 ಫ್ರೀ ಥ್ರೋಗಳಲ್ಲಿ ನಾಲ್ಕು ಹಾಕಿದ್ದರು. ಫೌಲಿಗೆ ಸಿಗುವ, ಯಾರೂ ತಡೆಯದ ಶಾಟ್ ಅದು. ನಾವು ಸೋತದ್ದು ಐದು ಪಾಯಿಂಟಿಗೆ.

ಕಳೆದ ಸೀಸನ್ ಮುಗಿದ ಮೇಲೆ ಅದೇ ಕೋಚ್ ಫೋನ್ ಮಾಡಿದರು. ಅದು ಕೊನೆಗೆ.

ನಾನು ಕಾಸರಗೋಡಿನ ಒಂದು ಕಾಲೇಜಿನಲ್ಲಿ ಸಂಜೆ ಹೊತ್ತು ತಂಡ ನೋಡಿಕೊಳ್ಳುವವ. ಬೆಳಿಗ್ಗೆ ಅಡಿಕೆ ತೋಟ. ಸಂಬಳ ಅಂತ ಇಲ್ಲ, ಗೌರವಧನ ಇದೆ, ಅದೂ ಎರಡು ತಿಂಗಳು ತಡ. ನಮ್ಮಲ್ಲಿ ಉದ್ದದ ಹುಡುಗ ಕಂಡರೆ ವಾಲಿಬಾಲಿನವರು ಮೊದಲು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಕಬಡ್ಡಿಯವರು. ಇಬ್ಬರ ಕಣ್ಣೂ ತಪ್ಪಿಸಿ ನನಗೆ ಸಿಕ್ಕಿದ್ದು ಮೂವರು. ಬದಿಯಡ್ಕದವ ಆರಡಿ ನಾಲ್ಕಿಂಚು. ಉಪ್ಪಳದವ ಆರಡಿ ಮೂರು. ಮುಳ್ಳೇರಿಯದವ ಆರಡಿ ಐದು ಅಂತ ಹೇಳಿಕೊಳ್ಳುತ್ತಾನೆ, ಗೋಡೆಗೆ ನಿಲ್ಲಿಸಿ ಅಳೆದರೆ ಅಷ್ಟಿಲ್ಲ.

ಮೂವರಿಗೂ ಶಾಲೆಯಲ್ಲಿ ಒಂದೇ ಪಾಠ ಆಗಿತ್ತು. ರಿಂಗಿನ ಅಡಿಯಲ್ಲಿ ನಿಲ್ಲು, ಬಂದದ್ದನ್ನು ಹಿಡಿ, ಸಣ್ಣವನಿಗೆ ಕೊಡು. ಐದಾರು ವರ್ಷ ಹೀಗೆ ಆಡಿದವನಿಗೆ ಶೂಟಿಂಗ್ ಎಲ್ಲಿಂದ ಬರಬೇಕು? "ಉದ್ದದವರಿಗೆ ಕೈ ಮೆತ್ತಗೆ ಇರುವುದಿಲ್ಲ" ಅಂತ ಸುಮ್ನೆ ಹೇಳಿಬಿಡುತ್ತೇವೆ. ಹುಡುಗರೂ ಅದನ್ನೇ ನಂಬಿದ್ದರು. "ಶಕೀಲ್ ಓನೀಲ್‌ಗೇ ಆಗಲಿಲ್ಲ ಮಾಸ್ಟ್ರೇ, ಫ್ರೀ ಥ್ರೋ ಒಟ್ಟು ಸರಾಸರಿ ನೂರಕ್ಕೆ 53 ದಾಟಲಿಲ್ಲ" ಅಂತ ಉಪ್ಪಳದವ ನನಗೇ ಲೆಕ್ಕ ಒಪ್ಪಿಸಿದ. ಓನೀಲ್ ಅಂದರೆ ಅಮೆರಿಕದ ಎನ್‌ಬಿಎ ಲೀಗಿನ ದೈತ್ಯ ಆಟಗಾರ. ನಾನು ಅದೇ ಲೀಗಿನ ಬ್ರೂಕ್ ಲೋಪೆಜ್ ಹೆಸರು ಹೇಳಿದೆ. ಏಳಡಿ ಮನುಷ್ಯ. ಎನ್‌ಬಿಎಯಲ್ಲಿ ಮೊದಲ ಎಂಟು ಸೀಸನ್ ಸೇರಿಸಿ ಮೂರೇ ಮೂರು ಥ್ರೀ ಪಾಯಿಂಟರ್, ಅಂದರೆ ದೂರದ ಗೆರೆಯ ಹೊರಗಿನ ಶಾಟ್, ಹಾಕಿದವ. ಒಂಬತ್ತನೆಯದರಲ್ಲಿ, ಅಂದರೆ 2016-17ರಲ್ಲಿ, 134 ಹಾಕಿದ. ಕೈ ಹುಟ್ಟಿನಿಂದ ಬರುವುದಾದರೆ ಒಂಬತ್ತನೇ ವರ್ಷಕ್ಕೆ ಎಲ್ಲಿಂದ ಬಂತು? ಉಪ್ಪಳದವನ ಹತ್ತಿರ ಉತ್ತರ ಇರಲಿಲ್ಲ. ಆಗ ನನ್ನ ಹತ್ತಿರವೂ ಇರಲಿಲ್ಲ, ಅದು ಬೇರೆ ವಿಷಯ.

ಮೊದಲ ವರ್ಷ ಮಾಡಿದ್ದೆಲ್ಲ ದಂಡ. ದಿನಕ್ಕೆ ಮುನ್ನೂರು ಶಾಟ್ ಅಂತ ಫ್ರೀ ಥ್ರೋ ಗೆರೆಯಲ್ಲೇ ನಿಲ್ಲಿಸಿದೆ. ತಪ್ಪಾದ ಶಾಟನ್ನು ದಿನಕ್ಕೆ ಮುನ್ನೂರು ಸಲ ಹೊಡೆದರೆ ಆ ತಪ್ಪೇ ಗಟ್ಟಿಯಾಗುತ್ತದೆ. ಎರಡು ತಿಂಗಳ ನಂತರ ಐವತ್ತಕ್ಕೆ 19 ಇದ್ದದ್ದು 17 ಆಯಿತು. ಆಮೇಲೆ ಒಂದು ಹಳೇ ರಬ್ಬರ್ ಬಾಲ್ ಕೊಯ್ದು ಹೊಯಿಗೆ ತುಂಬಿ ಹೊಲಿದೆ. ಭಾರದ ಬಾಲಿನಲ್ಲಿ ಹೊಡೆದರೆ ಮಣಿಕಟ್ಟು ಬಲವಾಗುತ್ತದೆ ಅಂತ ನನ್ನ ತಲೆ. ಮುಳ್ಳೇರಿಯದವನ ಮಣಿಕಟ್ಟು ಬಾತು ಎರಡು ವಾರ ಮನೆಯಲ್ಲಿ ಕೂತ. ಅವನ ಅಮ್ಮನ ಹತ್ತಿರ ಬೈಗಳು ತಿಂದದ್ದು ನಾನು. ಎಕ್ಸ್‌ರೇ ದುಡ್ಡೂ ನನ್ನದೇ.

ಅದಕ್ಕಿಂತ ದೊಡ್ಡ ಪೆಟ್ಟು ಮಳೆಗಾಲದ್ದು. ಜೂನ್ ಬಂದರೆ ನಮ್ಮ ಸಿಮೆಂಟ್ ಅಂಗಣಕ್ಕೆ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ನಾಲ್ಕು ದಿನ, ಐದನೇ ದಿನ ಮತ್ತೆ ಜಾರುತ್ತದೆ. ಪರಿಚಯದವರೊಬ್ಬರ ಅಡಿಕೆ ಗೋದಾಮು ಖಾಲಿ ಇತ್ತು. ಮೇಲೆ ಶೀಟು. ಗೋಡೆಗೆ ಹತ್ತಡಿ ಎತ್ತರಕ್ಕೆ ರಿಂಗ್ ಬಿಗಿದೆ. ವೆಲ್ಡಿಂಗಿನವನಿಗೆ 1,800 ರೂಪಾಯಿ. ಮೂರು ತಿಂಗಳು ಒಂದು ದಿನ ಬಿಡದೆ ಪ್ರಾಕ್ಟೀಸ್. ನೂರಕ್ಕೆ ಅರವತ್ತು ಬೀಳುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿ.

ಸೆಪ್ಟೆಂಬರಿನಲ್ಲಿ ಹೊರಗೆ ಬಂದೆವು. ಒಂದೂ ಇಲ್ಲ. ಎಲ್ಲ ರಿಂಗಿನ ಮುಂದಿನ ತುಟಿಗೆ ಬಡಿದು ವಾಪಸು. ಕಾರಣ ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಗೋದಾಮಿನ ಮಾಡು ಬದಿಯಲ್ಲಿ ಹನ್ನೆರಡಡಿ ಇದ್ದದ್ದು. ಸರಿಯಾದ ಫ್ರೀ ಥ್ರೋ ಹನ್ನೆರಡೂವರೆ ಹದಿಮೂರಡಿಗೆ ಹೋಗಿ ಇಳಿಯಬೇಕು. ಶೀಟಿಗೆ ಬಡಿದು ಸದ್ದಾಗುತ್ತದೆ ಅಂತ ಹುಡುಗರು ತಮಗೇ ಗೊತ್ತಿಲ್ಲದೆ ಚಪ್ಪಟೆ ಹೊಡೆಯಲು ಕಲಿತಿದ್ದರು. ಅಲ್ಲಿ ಬೀಳುತ್ತಿದ್ದದ್ದು ಗೋಡೆಗೆ ಬಡಿದು ಒಳಗೆ ಹೋದದ್ದು. ರಿಂಗ್ 45 ಸೆಂಟಿಮೀಟರ್, ಬಾಲ್ 24. ಮೇಲಿನಿಂದ ಬಂದರೆ ಜಾಗ ಧಾರಾಳ. ಚಪ್ಪಟೆ ಬಂದರೆ ಬಾಲಿಗೆ ಕಾಣುವುದು ಸಪುರದ ಒಂದು ಸೀಳು. ಮೂರು ತಿಂಗಳು ನಾನೇ ಕೂತು ಹುಡುಗರನ್ನು ಹಾಳು ಮಾಡಿದ್ದೆ. ಅಭ್ಯಾಸ ಬಿಡಿಸಲು ಇನ್ನೂ ನಾಲ್ಕು ತಿಂಗಳು ಹೋಯಿತು.

ಬಿಡಿಸಿದ್ದು ದೋಟಿ, ತೋಟದ ಉದ್ದ ಕೋಲು. ಈಗ ಅಡಿಕೆ ಕೊಯ್ಯಲು ಕಾರ್ಬನ್ ಫೈಬರಿನ ದೋಟಿ ಬಂದಿದೆಯಲ್ಲ, ಹಳೇ ಅಲ್ಯೂಮಿನಿಯಮಿನದ್ದು ಎರಡು ಕೊಟ್ಟಿಗೆಯಲ್ಲಿ ಬಿದ್ದಿತ್ತು. ಗೆರೆಯಿಂದ ಐದಡಿ ಮುಂದೆ ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿ, ಹನ್ನೊಂದಡಿ ಎತ್ತರಕ್ಕೆ ಹಗ್ಗ ಕಟ್ಟಿದೆ. ಬಾಲ್ ಹಗ್ಗದ ಮೇಲಿಂದ ಹೋಗಬೇಕು, ಅಷ್ಟೇ. ಬಿತ್ತೋ ಇಲ್ಲವೋ ಕೇಳಬಾರದು. "ಎತ್ತರ ಹೊಡಿ, ಎತ್ತರ ಹೊಡಿ" ಅಂತ ವರ್ಷಗಟ್ಟಲೆ ಕಿರುಚಿದ್ದು ಆಗದ್ದು ಒಂದು ಹಗ್ಗದಿಂದ ಆಯಿತು. ಮುಳ್ಳೇರಿಯದವನಿಗೆ ಮಾತ್ರ ಹಗ್ಗವನ್ನು ಬೇರೆ ರೀತಿ ಕಟ್ಟಬೇಕಾಯಿತು. ಅದು ಹೇಗೆ ಅಂತ ಈಗ ಬೇಡ. ನಮ್ಮ ಪಂದ್ಯಗಳು ಇನ್ನೂ ಬಾಕಿ ಇವೆ.

ಹಗ್ಗಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹಾಳೆ, ಅಡಿಕೆ ಸೋಗೆಯ ಬುಡದ್ದು. ಉದ್ದದವರ ತೊಂದರೆ ಶೂಟ್ ಮಾಡುವ ಕೈಯಲ್ಲಿ ಅಲ್ಲ, ಇನ್ನೊಂದು ಕೈಯಲ್ಲಿ. ಬದಿಯಡ್ಕದವನ ಅಂಗೈಗೆ ಏಳನೇ ನಂಬರಿನ ಬಾಲ್ ಅಂದರೆ ಒಂದು ದೊಡ್ಡ ಕಂಚಿಕಾಯಿ. ಬದಿಗೆ ಸುಮ್ಮನೆ ಆನಿಸಬೇಕಾದ ಎಡಗೈ ಅರ್ಧ ಬಾಲನ್ನೇ ತಬ್ಬಿಕೊಳ್ಳುತ್ತದೆ. ಬಿಡುವ ಹೊತ್ತಿಗೆ ಹೆಬ್ಬೆರಳು ಒಂದು ನೂಕು ನೂಕುತ್ತದೆ. ಬಾಲ್ ಹಿಂದಕ್ಕೆ ತಿರುಗುವ ಬದಲು ಬುಗುರಿಯ ಹಾಗೆ ಅಡ್ಡ ತಿರುಗುತ್ತದೆ. ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ತೋರಿಸಿದಾಗ ಅವನಿಗೇ ನಂಬಿಕೆ ಬರಲಿಲ್ಲ. "ಇದು ನನ್ನ ಕೈಯಾ?" ಅಂದ.

ಮೊದಲು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹತ್ತು ರೂಪಾಯಿ ನೋಟು ಸಿಕ್ಕಿಸಿದೆ. ಶಾಟ್ ಹೊಡೆದಾಗ ನೋಟು ಬಿದ್ದರೆ ಅವ ಎಲ್ಲರಿಗೂ ಲಿಂಬೆ ಶರಬತ್ತು ಕುಡಿಸಬೇಕು. ಒಂದೇ ವಾರದಲ್ಲಿ ಶರಬತ್ತಿನ ಅಂಗಡಿಯವ ಶ್ರೀಮಂತನಾದ, ಹೆಬ್ಬೆರಳು ಮಾತ್ರ ಹಾಗೇ ಇತ್ತು. ಮಾರ್ಕೆಟಿನಲ್ಲಿ ಆ ಕೈಗೆ ಕಟ್ಟುವ ಪ್ಯಾಡ್ ಸಿಗುತ್ತದೆ. ಮೂವರಿಗೆ ತರಿಸಿದರೆ ನನ್ನ ಒಂದು ತಿಂಗಳ ಗೌರವಧನ. ಅಂಗಳದಲ್ಲಿ ಬಿದ್ದ ಹಾಳೆ ನೋಡಿದಾಗ ಹೊಳೆಯಿತು.

ಒಣ ಹಾಳೆ ಬಗ್ಗಿಸಿದರೆ ಒಡೆಯುತ್ತದೆ. ರಾತ್ರಿ ನೀರಿಗೆ ಹಾಕಿ ಬೆಳಿಗ್ಗೆ ತೆಗೆಯಬೇಕು. ಅಂಗೈಗಿಂತ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ಎರಡು ಪದರ ಸೇರಿಸಿ, ಒಂದು ದಪ್ಪ ಪುಸ್ತಕದ ಅಡಿ ಒತ್ತಿಟ್ಟು ಒಣಗಿಸಿದರೆ ಹಲಗೆಯ ಹಾಗಾಗುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಡಗೈಗೆ ಕಟ್ಟುವುದು. ಈಗ ಬೆರಳು ಬಾಲನ್ನು ಹಿಡಿಯಲಾರದು, ನೂಕಲಾರದು. ಬಾಲ್ ಹಲಗೆಗೆ ಆನಿಕೊಂಡು ನಿಲ್ಲುತ್ತದೆ, ಬಲಗೈ ಒಂದೇ ಅದನ್ನು ಎತ್ತಬೇಕು. ಒಂದು ಹಾಳೆ ಹದಿನೈದು ದಿನ ಬಾಳುತ್ತದೆ, ಬೆವರಿಗೆ ಮೆತ್ತಗಾದರೆ ಬಿಸಾಡಿ ಹೊಸದು. ಖರ್ಚು ಸೊನ್ನೆ. ಇದರಲ್ಲಿ ಇನ್ನೊಂದು ಕೆಣಿ ಇದೆ. ಹಾಳೆಗೆ ಒಂದು ಬದಿ ನಯ, ಇನ್ನೊಂದು ಬದಿ ಗೀರು ಗೀರು. ಬಾಲಿಗೆ ಯಾವ ಬದಿ ಎನ್ನುವುದು ನಮ್ಮೊಳಗೇ ಇರಲಿ.

ಹಾಳೆ ಕಟ್ಟಿದ ಮೇಲೆ ಅವರನ್ನು ಗೆರೆಗೆ ಬಿಡಲಿಲ್ಲ. ರಿಂಗಿನಿಂದ ಮೂರಡಿ. ಚಿಕ್ಕ ಮಕ್ಕಳು ಹೊಡೆಯುವ ಜಾಗ. ಅಲ್ಲಿಂದ ಬೋರ್ಡು ಮುಟ್ಟದೆ, ರಿಂಗು ಮುಟ್ಟದೆ ಹತ್ತರಲ್ಲಿ ಎಂಟು ಬಿದ್ದರೆ ಒಂದು ಹೆಜ್ಜೆ ಹಿಂದೆ. ಸತತ ಮೂರು ದಿನ ಆಗಬೇಕು, ಒಂದು ದಿನ ತಪ್ಪಿದರೆ ಮತ್ತೆ ಮೊದಲಿನಿಂದ. ಮೂರಡಿಯಲ್ಲೇ ಏಳು ವಾರ ಹೋಯಿತು ಅಂದರೆ ನಂಬುತ್ತೀರಾ? ಕಾಲೇಜಿನಲ್ಲಿ ಎಲ್ಲರೂ ನೋಡಿ ನಗುವುದು. "ಏನು ಮಾಸ್ಟ್ರೇ, ಅಂಗನವಾಡಿ ಶುರು ಮಾಡಿದ್ರಾ?" ಅಂತ ಒಬ್ಬ ಲೆಕ್ಚರರೇ ಕೇಳಿದರು. ಉಪ್ಪಳದವ ನಾಚಿಕೆಯಿಂದ ನಾಲ್ಕು ದಿನ ಬರಲಿಲ್ಲ. ಅವನ ಮನೆಗೆ ಹೋಗಿ ಕಟ್ಟಂ ಚಾಯ ಕುಡಿದು ಕರೆದುಕೊಂಡು ಬಂದೆ. ಬದಿಯಡ್ಕದವ ಮಾತ್ರ ಹಟಮಾರಿ. "ಇವ ರಾತ್ರಿ ಮಲಗಿಕೊಂಡು ಮಾಡಿಗೆ ಬಾಲ್ ಎಸೀತಾ ಇರ್ತಾನೆ ಮಾಸ್ಟ್ರೇ, ನಮಗೆ ನಿದ್ರೆ ಇಲ್ಲ" ಅಂತ ಅವನ ಅಮ್ಮ ದೂರು ಹೇಳಿದರು. ನನಗೆ ಅದಕ್ಕಿಂತ ಒಳ್ಳೆ ಸುದ್ದಿ ಆ ವರ್ಷ ಬರಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಎರಡು ಕೈಯಲ್ಲಿ ಮೊಣಕಾಲಿನ ನಡುವಿನಿಂದ ಬಾಲನ್ನು ಮೇಲಕ್ಕೆ ತೂಗಿ ಬಿಡುವ ಫ್ರೀ ಥ್ರೋ, ಅಮೆರಿಕದ ಹಳೇ ಆಟಗಾರ ರಿಕ್ ಬ್ಯಾರಿ ಹೊಡೆಯುತ್ತಿದ್ದ ರೀತಿ. ಅಲ್ಲಿಯವನೇ ಆದ ವಿಲ್ಟ್ ಚೇಂಬರ್ಲೇನ್ ನೂರು ಪಾಯಿಂಟ್ ಹಾಕಿದ 1962ರ ಪಂದ್ಯದಲ್ಲಿ ಹೀಗೇ ಹೊಡೆದು 32ರಲ್ಲಿ 28 ಹಾಕಿದ್ದ. ಮುಳ್ಳೇರಿಯದವನಿಗೆ ಕಲಿಸಿದೆ. ಹತ್ತೇ ದಿನದಲ್ಲಿ ಐವತ್ತಕ್ಕೆ 31 ಬಂತು, ಸತ್ಯ. ಆದರೆ ಪಂದ್ಯದಲ್ಲಿ ಒಮ್ಮೆ ಹೊಡೆದ, ಗ್ಯಾಲರಿ ಪೂರ್ತಿ ಕೂಗಿತು. "ಇನ್ನು ಕುತ್ತಿಗೆ ಕೊಯ್ದರೂ ಹೊಡೆಯುವುದಿಲ್ಲ" ಅಂದ. ಚೇಂಬರ್ಲೇನ್ ಕೂಡ ನಾಚಿಕೆಯಿಂದಲೇ ಬಿಟ್ಟದ್ದಂತೆ, ಅವನೇ ಬರೆದುಕೊಂಡಿದ್ದಾನೆ. ಮುಳ್ಳೇರಿಯದವನಿಗೆ ಇದನ್ನು ಹೇಳಿ ಪ್ರಯೋಜನ ಇರಲಿಲ್ಲ.

ಇನ್ನೊಂದು ದಂಡ. ಎರಡನೇ ವರ್ಷ ಬದಿಯಡ್ಕದವ ಥ್ರೀ ಪಾಯಿಂಟ್ ಗೆರೆಯಿಂದ ಐದಕ್ಕೆ ಎರಡು ಹಾಕುವ ಮಟ್ಟಕ್ಕೆ ಬಂದಿದ್ದ. ಹೊರಗಿನ ಪಂದ್ಯಕ್ಕೆ ಹೋದರೆ ಎಲ್ಲ ಗಿಡ್ಡ, ಎರಡು ರಿಂಗಿಗೂ ತಾಗದ ಏರ್‌ಬಾಲ್. ವಾಪಸು ಬಂದು ಟೇಪು ಹಿಡಿದೆ. ನಮ್ಮ ಅಂಗಣದ ಗೆರೆ 6.25 ಮೀಟರಿನಲ್ಲಿತ್ತು! 2010ರಲ್ಲೇ ಅದು 6.75 ಆಗಿದೆ. ಬಣ್ಣ ಬಳಿಯುವವ ಪ್ರತಿ ಸಲ ಹಳೇ ಗೆರೆಯ ಮೇಲೆಯೇ ಬಳಿದುಕೊಂಡು ಬಂದಿದ್ದಾನೆ. ರಿಂಗಿನ ಅಡಿ ನೆಲಕ್ಕೆ ಬರೆದ ಪೆಟ್ಟಿಗೆಯೂ ಹಳೇ ಕಾಲದ್ದು, ಕೆಳಗೆ ಅಗಲ ಮೇಲೆ ಸಪುರ. ನಾನು ದಿನಾ ಅದರ ಮೇಲೆ ನಿಂತುಕೊಂಡು ಪಾಠ ಮಾಡಿದವ, ನನಗೂ ಕಾಣಲಿಲ್ಲ. ನೀವೂ ಒಮ್ಮೆ ನಿಮ್ಮದನ್ನು ಅಳೆದು ನೋಡಿ.

ದುಡ್ಡಿನ ಲೆಕ್ಕ ಬಾಯಿಗೆ ಬಂದ ಹಾಗೆ ಹೇಳುತ್ತೇನೆ. ಮೂರು ವರ್ಷದಲ್ಲಿ ಬಾಲಿಗೇ ಹದಿನಾಲ್ಕು ಸಾವಿರ ಹೋಗಿದೆ. ಸಿಮೆಂಟಿನ ಮೇಲೆ ಒಳ್ಳೆ ಬಾಲ್ ಆರು ತಿಂಗಳೂ ಬಾಳುವುದಿಲ್ಲ. ಕಡಿಮೆಯ ರಬ್ಬರ್ ಬಾಲ್ ತಂದು ಒಮ್ಮೆ ಉಳಿಸಲು ನೋಡಿದೆ, ಅದು ಗೋಲಿಯ ಹಾಗೆ ಪುಟಿಯುತ್ತದೆ, ಕೈ ಕೆಡುತ್ತದೆ. ನೆಟ್ಟು, ಬ್ಲೀಚಿಂಗ್, ಗೋದಾಮಿನ ರಿಂಗ್ ಸೇರಿ ಆರು ಸಾವಿರ. ನೇಂದ್ರ ಬಾಳೆಹಣ್ಣು, ಮೊಟ್ಟೆ, ಬಸ್ಸು, ರೈಲು ಎಲ್ಲ ಸೇರಿ ಮೂವತ್ತೆಂಟು ನಲ್ವತ್ತು ಸಾವಿರ ಆಗಿರಬಹುದು. ಅರ್ಧಕ್ಕಿಂತ ಜಾಸ್ತಿ ನನ್ನ ಅಡಿಕೆಯದ್ದು. ಮನೆಯಲ್ಲಿ ಈ ಅಂಕಿ ಗೊತ್ತಿಲ್ಲ.

ಕಳೆದ ವರ್ಷದ ಅಂತರ ಕಾಲೇಜು ಪಂದ್ಯ. ಎದುರಿನವರ ಸೆಂಟರ್, ಅಂದರೆ ರಿಂಗಿನ ಅಡಿಯವ, ನಮ್ಮೆಲ್ಲರಿಗಿಂತ ಉದ್ದ, ಪೆಟ್ಟಿಗೆ ಬಿಟ್ಟು ಅಲುಗದವ. ಬಾಲ್ ತರುವ ನಮ್ಮ ಗಾರ್ಡಿಗೆ ಬದಿಯಡ್ಕದವ ಸ್ಕ್ರೀನ್ ಕೊಟ್ಟ, ಅಂದರೆ ಗಾರ್ಡನ್ನು ಕಾಯುವವನಿಗೆ ಅಡ್ಡ ನಿಂತ. ಕೊಟ್ಟು ರಿಂಗಿಗೆ ಓಡಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು ಫ್ರೀ ಥ್ರೋ ಗೆರೆಯ ಎಡಮೂಲೆಯಲ್ಲಿ ನಿಂತ. ಬಾಲ್ ಬಂತು. ಎದುರಿನ ಸೆಂಟರ್ ಕೈ ಕೂಡ ಎತ್ತಲಿಲ್ಲ, ಹೊಡಿ ಅನ್ನುವ ಹಾಗೆ ನಿಂತುಕೊಂಡಿದ್ದ. ಎಡಗೈಯಲ್ಲಿ ಹಾಳೆ ಇಲ್ಲ, ಆದರೂ ಬೆರಳುಗಳು ಹಲಗೆಯ ಹಾಗೆ ನೆಟ್ಟಗೆ. ಬಿತ್ತು. ಮುಂದಿನ ಸಲ ಅದೇ ಜಾಗ, ಬಿತ್ತು. ಮೂರನೆಯದೂ ಬಿತ್ತು. ಎದುರಿನ ಬೆಂಚಿನಿಂದ ಮಲಯಾಳದಲ್ಲಿ ಬೈಗಳು. ನಾಲ್ಕನೇ ಸಲ ಆ ಸೆಂಟರ್ ಹೊರಗೆ ಓಡಿ ಬಂದ. ಪೆಟ್ಟಿಗೆ ಖಾಲಿ! ಉಪ್ಪಳದವ ಹಿಂದಿನಿಂದ ನುಗ್ಗಿ ರಿಂಗಿನ ಹತ್ತಿರದಿಂದಲೇ ಲೇಅಪ್ ಹಾಕಿದ. ರೀಬೌಂಡ್ ಹಿಡಿಯಲು ಯಾರ ಭಾವನೂ ಬೇಕಾಗಲಿಲ್ಲ. ಹೊರಗೆ ಎಳೆದ ಮೇಲೆ ಅವರ ಸೆಂಟರೂ ರೀಬೌಂಡಿಗೆ ಇಲ್ಲ ಅಲ್ವಾ?

ಹನ್ನೊಂದು ಪಾಯಿಂಟಿಗೆ ಗೆದ್ದೆವು. ಬದಿಯಡ್ಕದವ ಈಗ ಐವತ್ತು ಫ್ರೀ ಥ್ರೋದಲ್ಲಿ 37, 38 ಹಾಕುತ್ತಾನೆ. ಉಪ್ಪಳದವ 33ರ ಆಸುಪಾಸು. ಮುಳ್ಳೇರಿಯದವ 28 ದಾಟಿಲ್ಲ. ಅವನ ತೊಂದರೆ ಕಾಲಿನಲ್ಲಿದೆ, ಮೊಣಕಾಲು ಬಗ್ಗಿಸಲು ಉದಾಸೀನ. ಅವನಿಗೆ ಗುಡ್ಡ ಹತ್ತಿಸುತ್ತಿದ್ದೇನೆ, ನೋಡೋಣ.

ಪಂದ್ಯ ಮುಗಿದ ಮರುವಾರ ಆ ಹಿರಿಯ ಕೋಚಿನ ಫೋನ್. ಊಟ ಆಯ್ತಾ, ಮಳೆ ಹೇಗಿದೆ, ಅಡಿಕೆಗೆ ರೇಟು ಎಷ್ಟು ಅಂತ ಹತ್ತು ನಿಮಿಷ. ಆಮೇಲೆ ಮೆಲ್ಲ ಕೇಳಿದರು: "ಅಲ್ಲ ಮಾರಾಯ್ರೆ, ಆ ಹಾಳೆ... ಬಾಲಿಗೆ ತಾಗುವುದು ಒಳಬದಿಯಾ, ಹೊರಬದಿಯಾ?"

ಎರಡನ್ನೂ ಕಟ್ಟಿ ನೋಡಿ ಮಾಸ್ಟ್ರೇ, ಎಂದೆ.