ಸಾರ್ವಜನಿಕ ವೈ-ಫೈ ಬಳಸಿ ಮೊದಲ ಬಿಟ್‌ಕಾಯಿನ್ ವಾಲೆಟ್ ಸಿದ್ಧಪಡಿಸಿಕೊಳ್ಳುವ ಬಗೆ

ಮನೆಯಲ್ಲಿ ಸ್ವಂತ ಇಂಟರ್‌ನೆಟ್ ಇಲ್ಲದವರು, ಹಾಸ್ಟೆಲಿನಲ್ಲಿ ಇರುವವರು, ಕೆಲಸದ ಮೇಲೆ ಊರೂರು ತಿರುಗುವವರು ರೈಲು ನಿಲ್ದಾಣದ ಅಥವಾ ಗ್ರಂಥಾಲಯದ ವೈ-ಫೈ ಬಳಸಿ ಬಿಟ್‌ಕಾಯಿನ್ ವಾಲೆಟ್ (ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಕೀಲಿಗಳನ್ನು ಕಾಪಾಡುವ ತಂತ್ರಾಂಶ) ಸಿದ್ಧಪಡಿಸಿಕೊಳ್ಳಬಹುದೇ ಎಂದು ಕೇಳಿದರೆ, ಖಂಡಿತ ಬಹುದು ಎಂಬುದೇ ನನ್ನ ಉತ್ತರ. ಆದರೆ ಒಂದು ಭೇದವನ್ನು ಮೊದಲೇ ಗಟ್ಟಿಯಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪರರ ಜಾಲವನ್ನು ಬಳಸುವುದು ಒಂದು ಮಾತು, ಪರರ ಕಂಪ್ಯೂಟರನ್ನು ಬಳಸುವುದು ಬೇರೆಯೇ ಮಾತು. ಜಾಲ ಎಂಬುದು ರಸ್ತೆಯಿದ್ದಂತೆ. ಅದರ ಮೇಲೆ ಬಂದ ಸಾಮಾನನ್ನು ಮನೆಗೆ ತಂದು ತೂಗಿ ನೋಡುವ ಉಪಾಯ ನಮ್ಮ ಕೈಯಲ್ಲಿದೆ. ಸೈಬರ್ ಸೆಂಟರಿನ ಅಥವಾ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರಿನಲ್ಲಾದರೆ ತೂಗುವ ತಕ್ಕಡಿಯೇ ಪರರದು. ಅಲ್ಲಿ ನಾವು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ದಾಖಲಿಸುವ ತಂತ್ರಾಂಶ ಕುಳಿತಿದ್ದರೆ ನಮಗೆ ತಿಳಿಯುವ ಮಾರ್ಗವಿಲ್ಲ. ಆದ್ದರಿಂದ ಮುಂದಿನದೆಲ್ಲವೂ ಸ್ವಂತ ಲ್ಯಾಪ್‌ಟಾಪ್ ಇರುವವರಿಗಾಗಿ. ಸಾರ್ವಜನಿಕ ಕಂಪ್ಯೂಟರಿನಲ್ಲಿ ವಾಲೆಟ್ ತೆರೆಯುವುದಕ್ಕೆ ಸುರಕ್ಷಿತವಾದ ವಿಧಾನ ಎಂಬುದೇ ಇಲ್ಲ.

ಯಾವ ತಂತ್ರಾಂಶವನ್ನು ಆರಿಸಿಕೊಳ್ಳಬೇಕು?

ಬಿಟ್‌ಕಾಯಿನ್ ಕೋರ್ ಎಂಬ ಮೂಲ ತಂತ್ರಾಂಶ 2009ರ ಜನವರಿ 3ರ ಮೊದಲ ಬ್ಲಾಕಿನಿಂದ, ಅಂದರೆ ವಹಿವಾಟುಗಳ ಮೊದಲ ಕಂತಿನಿಂದ, ಇಂದಿನವರೆಗಿನ ಸಮಸ್ತ ಲೆಕ್ಕವನ್ನೂ ಇಳಿಸಿಕೊಂಡು ತಾನೇ ಪರಿಶೀಲಿಸುತ್ತದೆ. ಅದು ಅತ್ಯಂತ ಸ್ವತಂತ್ರವಾದ ವಿಧಾನವೆಂಬುದರಲ್ಲಿ ಸಂಶಯವಿಲ್ಲ; ಆದರೆ ಆ ಲೆಕ್ಕದ ಗಾತ್ರ ಈಗ 600 ಜಿಬಿಯನ್ನು ದಾಟಿದೆ. ಹಳೆಯ ಬ್ಲಾಕುಗಳನ್ನು ಅಳಿಸಿ ಡಿಸ್ಕಿನ ಜಾಗ ಉಳಿಸುವ ಆಯ್ಕೆ ಅದರಲ್ಲಿದ್ದರೂ, ಅಳಿಸುವ ಮೊದಲು ಎಲ್ಲವನ್ನೂ ಒಮ್ಮೆ ಇಳಿಸಿಕೊಳ್ಳಲೇಬೇಕು. ರೈಲು ನಿಲ್ದಾಣಗಳಿಗೆ ವೈ-ಫೈ ಒದಗಿಸುವ ರೈಲ್‌ಟೆಲ್ ಸಂಸ್ಥೆ 2021ರಲ್ಲಿ ಹಣ ತೆರುವ ಯೋಜನೆಗಳನ್ನು ತಂದಾಗ ಪ್ರಕಟಿಸಿದ ನಿಯಮದಂತೆ, ನಿಲ್ದಾಣಗಳಲ್ಲಿ ದಿನಕ್ಕೆ 30 ನಿಮಿಷ, ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕ ಉಚಿತ. ಆ ಲೆಕ್ಕದಲ್ಲಿ 600 ಜಿಬಿ ಇಳಿಸಲು ಏಳು ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ. ಹೀಗಾಗಿ ನಮ್ಮ ಸಂದರ್ಭಕ್ಕೆ ಒಗ್ಗುವುದು ಹಗುರ ವಾಲೆಟ್. ಅವುಗಳಲ್ಲಿ ನಾನು ಸೂಚಿಸುವುದು 2011ರಲ್ಲಿ ಥಾಮಸ್ ವೋಟ್ಲಿನ್ ಆರಂಭಿಸಿದ ಎಲೆಕ್ಟ್ರಂ. ಇದು ಇಡೀ ಲೆಕ್ಕವನ್ನು ಇಳಿಸಿಕೊಳ್ಳದೆ, ಬೇಕಾದ ಮಾಹಿತಿಯನ್ನಷ್ಟೇ ಸರ್ವರುಗಳಿಂದ ಕೇಳಿ ಪಡೆಯುತ್ತದೆ. ಇದರ ಕಡತ 100 ಎಂಬಿಯೊಳಗೇ ಇರುವುದರಿಂದ ಆ ಅರ್ಧ ಗಂಟೆಯಲ್ಲಿ ಇಳಿಸಿಕೊಳ್ಳಬಹುದು. ತಂತ್ರಾಂಶದ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿದೆ, ಪ್ರತಿ ಆವೃತ್ತಿಗೂ ಡಿಜಿಟಲ್ ಸಹಿ, ಅಂದರೆ ಕಡತ ತಯಾರಕರದ್ದೇ, ಯಾರೂ ತಿದ್ದಿಲ್ಲ ಎಂದು ಪರೀಕ್ಷಿಸಲು ನೆರವಾಗುವ ಗುರುತು, ಇದೆ. ಈ ಸಹಿಯೇ ನಮಗೆ ಮುಖ್ಯ.

ಜಾಲಕ್ಕೆ ಸೇರುವಾಗ

ನಿಲ್ದಾಣದ ಫಲಕದಲ್ಲಿ ಬರೆದಿರುವ ಜಾಲದ ಹೆಸರನ್ನು ಅಕ್ಷರಶಃ ಹೋಲಿಸಿ ನೋಡಿ. ಅದೇ ಹೆಸರಿನ ನಕಲಿ ಜಾಲವನ್ನು ಪಕ್ಕದ ಬೆಂಚಿನಲ್ಲಿ ಕುಳಿತವನೂ ತನ್ನ ಫೋನಿನಿಂದ ಸೃಷ್ಟಿಸಬಲ್ಲ. ವಿಂಡೋಸ್ ಕೇಳಿದಾಗ ಇದು ಸಾರ್ವಜನಿಕ ಜಾಲವೆಂದೇ ಗುರುತಿಸಿ, ಕಡತ ಹಂಚಿಕೆಯನ್ನು ನಿಲ್ಲಿಸಿ. ನಂತರ ಮೊಬೈಲ್ ಸಂಖ್ಯೆಯನ್ನೂ ಒಟಿಪಿಯನ್ನೂ ಕೇಳುವ ಪ್ರವೇಶ ಪುಟ ತೆರೆದುಕೊಳ್ಳುತ್ತದೆ. ಆ ಪುಟಕ್ಕೆ ಇವೆರಡರ ಹೊರತು ಬೇರೇನನ್ನೂ ಕೊಡಬೇಕಾಗಿಲ್ಲ. ಇಮೇಲ್ ಗುಪ್ತಪದವನ್ನೋ ಬ್ಯಾಂಕಿನ ವಿವರವನ್ನೋ ಕೇಳಿದರೆ ಅಥವಾ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ ಎಂದರೆ ಸಂಪರ್ಕವನ್ನು ಕಡಿದು ಹೊರಬನ್ನಿ.

ತಾಣ ಅಸಲಿಯೆಂದು ಸಾರುವ ಪ್ರಮಾಣಪತ್ರದ ಬಗ್ಗೆ ಬ್ರೌಸರು ಎಚ್ಚರಿಕೆ ತೋರಿಸಿದಾಗ ‘ಆದರೂ ಮುಂದುವರಿಯಿರಿ’ ಎಂಬುದನ್ನು ಒತ್ತುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅದರ ಬೆಲೆ ಎಷ್ಟೆಂಬುದನ್ನು 2018ರ ಏಪ್ರಿಲ್ 24ರ ಘಟನೆ ತೋರಿಸಿಕೊಟ್ಟಿತು. ಅಂದು ದುಷ್ಕರ್ಮಿಗಳು ಇಂಟರ್‌ನೆಟ್ಟಿನ ಸಂಚಾರದ ದಾರಿಗಳನ್ನೇ ತಿರುಚಿ, ಈಥರ್ ಎಂಬ ಇನ್ನೊಂದು ಡಿಜಿಟಲ್ ಹಣದ ವಾಲೆಟ್ ತಾಣವಾದ ಮೈಈಥರ್‌ವಾಲೆಟ್‌ಗೆ ಹೊರಟವರನ್ನು ನಕಲಿ ತಾಣಕ್ಕೆ ಕರೆದೊಯ್ದರು. ವಿಳಾಸ ಸರಿಯಾಗಿಯೇ ಇತ್ತು. ತಪ್ಪಾಗಿದ್ದುದು ಪ್ರಮಾಣಪತ್ರ ಮಾತ್ರ, ಅದನ್ನು ಬ್ರೌಸರುಗಳು ಎಚ್ಚರಿಸಿಯೂ ಇದ್ದವು. ಎಚ್ಚರಿಕೆಯನ್ನು ದಾಟಿ ಒಳಹೋದವರು ಒಟ್ಟಾಗಿ ಸುಮಾರು ಒಂದೂವರೆ ಲಕ್ಷ ಡಾಲರ್ ಮೌಲ್ಯದ ಈಥರ್ ಕಳೆದುಕೊಂಡರು. ವಾಲೆಟ್ಟಿಗೆ ಸಂಬಂಧಿಸಿದ ಯಾವ ಪುಟದಲ್ಲೇ ಆಗಲಿ ಈ ಎಚ್ಚರಿಕೆ ಕಂಡರೆ ಆ ಜಾಲದಲ್ಲಿ ಅಂದಿನ ಕೆಲಸ ಮುಗಿಯಿತೆಂದೇ ತಿಳಿಯಿರಿ. ಲ್ಯಾಪ್‌ಟಾಪಿನ ಗಡಿಯಾರ ತಪ್ಪಿದ್ದರೂ ಇಂಥದೇ ಎಚ್ಚರಿಕೆ ಬರುವುದರಿಂದ ದಿನಾಂಕವನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇಳಿಸಿಕೊಳ್ಳುವುದು ಮತ್ತು ಸಹಿಯ ಪರಿಶೀಲನೆ

ಎಲೆಕ್ಟ್ರಂನ ಅಧಿಕೃತ ತಾಣ ಎಲೆಕ್ಟ್ರಂ ಡಾಟ್ ಆರ್ಗ್ (electrum.org). ಹುಡುಕಾಟದ ಪುಟದಲ್ಲಿ ಮೇಲೆ ಬರುವ ಜಾಹೀರಾತುಗಳ ಮೂಲಕ ಹೋಗದೆ ಈ ವಿಳಾಸವನ್ನು ನೀವೇ ಟೈಪ್ ಮಾಡಿ. ಡೌನ್‌ಲೋಡ್ ಪುಟದಲ್ಲಿ ತಂತ್ರಾಂಶದ ಕಡತದ ಪಕ್ಕದಲ್ಲೇ ಸಹಿಯ ಚಿಕ್ಕ ಕಡತವೂ ಇರುತ್ತದೆ. ಎರಡನ್ನೂ ಒಂದೇ ಫೋಲ್ಡರಿಗೆ ಇಳಿಸಿ. ಬಹಳಷ್ಟು ಜನ ಎರಡನೆಯದನ್ನು ಮುಟ್ಟುವುದೇ ಇಲ್ಲ. ಸಾರ್ವಜನಿಕ ಜಾಲವನ್ನು ಬಳಸುವವರು ಮಾತ್ರ ಅದನ್ನು ಬಿಡುವಂತಿಲ್ಲ.

ವಿಂಡೋಸ್ ಬಳಸುವವರು ಜಿಪಿಜಿ4ವಿನ್ ಎಂಬ ಉಚಿತ ಸಾಧನವನ್ನು ಹಾಕಿಕೊಂಡರೆ ಅದರೊಡನೆ ಕ್ಲಿಯೋಪಾತ್ರ ಎಂಬ ಆ್ಯಪ್ ಬರುತ್ತದೆ. ಉಬುಂಟುವಿನಲ್ಲಿ ಬೇಕಾದ ಸಾಧನ ಮೊದಲೇ ಇರುತ್ತದೆ. ಎಲೆಕ್ಟ್ರಂ ತಾಣದಲ್ಲಿ ದೊರೆಯುವ ಥಾಮಸ್ ವೋಟ್ಲಿನ್ ಅವರ ಸಾರ್ವಜನಿಕ ಕೀಲಿಯನ್ನು, ಅಂದರೆ ಅವರ ಸಹಿಯನ್ನು ಪರೀಕ್ಷಿಸಲು ಬೇಕಾದ ಕಡತವನ್ನು, ಇಳಿಸಿ ಕ್ಲಿಯೋಪಾತ್ರಕ್ಕೆ ಸೇರಿಸಿ, ಬಳಿಕ ಸಹಿಯ ಕಡತವನ್ನು ಅದರಲ್ಲಿ ತೆರೆದರೆ ಪರಿಶೀಲನೆ ತಾನಾಗಿ ನಡೆಯುತ್ತದೆ. ಕಡತದಲ್ಲಿ ಒಂದು ಬಿಟ್ ಬದಲಾಗಿದ್ದರೂ ಸಹಿ ಕೆಟ್ಟಿದೆಯೆಂದು ಸ್ಪಷ್ಟವಾಗಿ ಹೇಳುತ್ತದೆ. ಹಾಗೆ ಬಂದರೆ ಕಡತವನ್ನು ಅಳಿಸಿ, ಬೇರೆ ಜಾಲದಿಂದ ಮತ್ತೆ ಇಳಿಸಿಕೊಳ್ಳಬೇಕು.

ಸಹಿ ಸರಿಯಿದ್ದಾಗಲೂ ಎರಡು ಸಂದೇಶಗಳು ಹೊಸಬರನ್ನು ಗಾಬರಿಪಡಿಸುತ್ತವೆ. ಮೊದಲನೆಯದು, ಈ ಕೀಲಿ ಇಂಥವರದ್ದೇ ಎಂದು ಪ್ರಮಾಣೀಕರಿಸಲಾಗಿಲ್ಲ ಎಂಬ ಮಾತು. ನೀವು ಈಗತಾನೇ ಸೇರಿಸಿದ ಕೀಲಿಗೆ ನಿಮ್ಮ ಅನುಮೋದನೆ ಇನ್ನೂ ದೊರೆತಿಲ್ಲ ಎಂಬಷ್ಟೇ ಅದರ ಅರ್ಥ. ಎರಡನೆಯದು, ಸಹಿ ಮಾಡಿದವರಲ್ಲಿ ಕೆಲವರ ಕೀಲಿ ಸಿಗಲಿಲ್ಲ ಎಂಬುದು. ಎಲೆಕ್ಟ್ರಂಗೆ ಒಬ್ಬರಿಗಿಂತ ಹೆಚ್ಚು ಜನ ಸಹಿ ಹಾಕುತ್ತಾರೆ, ನೀವು ಸೇರಿಸಿರುವುದು ಒಬ್ಬರ ಕೀಲಿಯನ್ನು ಮಾತ್ರ.

ಇಲ್ಲೊಂದು ಸೂಕ್ಷ್ಮವಿದೆ. ಜಾಲವೇ ಮೋಸದ್ದಾಗಿದ್ದರೆ, ನಕಲಿ ತಂತ್ರಾಂಶದೊಡನೆ ಅದಕ್ಕೆ ಹೊಂದುವ ನಕಲಿ ಕೀಲಿಯನ್ನೂ ಕೊಟ್ಟುಬಿಡಬಹುದಲ್ಲವೇ? ಕೊಡಬಹುದು. ಅದಕ್ಕಾಗಿಯೇ ಕೀಲಿಯ ಬೆರಳಚ್ಚನ್ನು, ಅಂದರೆ ಆ ಕೀಲಿಯನ್ನು ಗುರುತಿಸುವ 40 ಅಕ್ಷರಗಳ ಸಾಲನ್ನು, ಎರಡನೆಯ ದಾರಿಯಿಂದ ಹೋಲಿಸಬೇಕು. ಫೋನಿನಲ್ಲಿ ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಅದೇ ಕೀಲಿಯ ಬೆರಳಚ್ಚನ್ನು ಎಲೆಕ್ಟ್ರಂ ತಾಣದಲ್ಲಿಯೂ ಅದರ ಮೂಲ ಸಂಕೇತವನ್ನು ಇಟ್ಟಿರುವ ಗಿಟ್‌ಹಬ್ ತಾಣದ ಪುಟದಲ್ಲಿಯೂ ತೆರೆದು, ಲ್ಯಾಪ್‌ಟಾಪಿನಲ್ಲಿ ಕಾಣುವುದರೊಡನೆ ನಾಲ್ಕು ನಾಲ್ಕು ಅಕ್ಷರಗಳಂತೆ ಓದಿ ತಾಳೆ ನೋಡಿ. ಇದಕ್ಕೆ ತಗಲುವ ಡೇಟಾ ಅತ್ಯಲ್ಪ. ನಿಲ್ದಾಣದ ವೈ-ಫೈಯನ್ನೂ ಮೊಬೈಲ್ ಕಂಪನಿಯ ಜಾಲವನ್ನೂ ಒಂದೇ ಸಮಯಕ್ಕೆ ವಂಚಕನೊಬ್ಬ ವಶಪಡಿಸಿಕೊಳ್ಳುವುದು ಬಹಳ ಕಷ್ಟ. ಈ ಹತ್ತು ನಿಮಿಷದ ಶ್ರಮ ಮುಗಿದ ಮೇಲೆ ತಂತ್ರಾಂಶ ಯಾವ ದಾರಿಯಿಂದ ಬಂತು ಎಂಬ ಚಿಂತೆ ಉಳಿಯುವುದಿಲ್ಲ.

ಹನ್ನೆರಡು ಪದಗಳು

ಇನ್‌ಸ್ಟಾಲ್ ಮಾಡುವ ಮುನ್ನ ವೈ-ಫೈ ಆಫ್ ಮಾಡಿ. ವಾಲೆಟ್ ಸೃಷ್ಟಿಗೆ ಇಂಟರ್‌ನೆಟ್ ಅಗತ್ಯವೇ ಇಲ್ಲ. ಹಣ ಖರ್ಚು ಮಾಡಲು ಬೇಕಾದ ಗುಪ್ತ ಸಂಖ್ಯೆಗಳಾದ ಖಾಸಗಿ ಕೀಲಿಗಳು ನಿಮ್ಮ ಕಂಪ್ಯೂಟರಿನೊಳಗೇ ಹುಟ್ಟುತ್ತವೆ. ಸಾಧ್ಯವಿದ್ದರೆ ನಿಲ್ದಾಣದಿಂದ ಹೊರಟು, ಮನೆಯಲ್ಲೋ ಕೋಣೆಯಲ್ಲೋ ಬಾಗಿಲು ಹಾಕಿಕೊಂಡು ಈ ಭಾಗವನ್ನು ಮಾಡಿ. ನಿಲ್ದಾಣದಲ್ಲಿ ಹಿಂದೆ ನಿಂತವನ ಕಣ್ಣು ಮತ್ತು ತಲೆಯ ಮೇಲಿನ ಕ್ಯಾಮೆರಾ, ಇವೆರಡರ ಅಪಾಯ ವೈ-ಫೈ ಅಪಾಯಕ್ಕಿಂತ ದೊಡ್ಡದೆಂದು ನಾನು ಭಾವಿಸುತ್ತೇನೆ.

ವಾಲೆಟ್ಟಿನ ಬಗೆಯನ್ನು ಕೇಳಿದಾಗ ಸಾಮಾನ್ಯ ವಾಲೆಟ್ ಎಂಬುದನ್ನೂ, ನಂತರ ಹೊಸ ಸೀಡ್ ಎಂಬುದನ್ನೂ ಆರಿಸಿ. ತೆರೆಯ ಮೇಲೆ ಹನ್ನೆರಡು ಇಂಗ್ಲಿಷ್ ಪದಗಳು ಬರುತ್ತವೆ, ಇವೇ ಸೀಡ್. ವಾಲೆಟ್ ಎಂದರೆ ವಾಸ್ತವದಲ್ಲಿ ಈ ಪದಗಳೇ. ಲ್ಯಾಪ್‌ಟಾಪ್ ಸುಟ್ಟುಹೋದರೂ ಇವುಗಳಿಂದ ಹಣ ಮರಳಿ ಸಿಗುತ್ತದೆ, ಇವು ಪರರ ಕೈಗೆ ಸಿಕ್ಕರೆ ಲ್ಯಾಪ್‌ಟಾಪ್ ನಿಮ್ಮ ತೊಡೆಯ ಮೇಲಿದ್ದರೂ ಹಣ ಹೋಗುತ್ತದೆ. ಕಾಗದದ ಮೇಲೆ ಪೆನ್ನಿನಿಂದ, ಕ್ರಮಸಂಖ್ಯೆ ಹಾಕಿ, ಬಿಡಿ ಬಿಡಿ ಅಕ್ಷರಗಳಲ್ಲಿ ಎರಡು ಪ್ರತಿ ಬರೆದುಕೊಳ್ಳಿ. ಫೋಟೋ ತೆಗೆಯಬೇಡಿ, ಏಕೆಂದರೆ ಫೋನು ಮುಂದಿನ ಸಲ ವೈ-ಫೈ ಕಂಡಾಗ ಆ ಚಿತ್ರವನ್ನು ನಿಮಗೆ ತಿಳಿಯದಂತೆ ಕ್ಲೌಡಿಗೆ ಕಳುಹಿಸಿಬಿಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳುವುದೂ ಬೇಡ. ನಂತರ ಕೇಳುವ ಗುಪ್ತಪದ ಈ ಕಂಪ್ಯೂಟರಿನಲ್ಲಿರುವ ವಾಲೆಟ್ ಕಡತಕ್ಕೆ ಬೀಗವಷ್ಟೇ. ಅದು ಮರೆತರೆ ಪದಗಳಿಂದ ವಾಲೆಟ್ ಮತ್ತೆ ಕಟ್ಟಬಹುದು. ಪದಗಳೂ ಗುಪ್ತಪದವೂ ಎರಡೂ ಹೋದರೆ ನೆರವಿಗೆ ಬರುವ ಕಚೇರಿ ಯಾವುದೂ ಇಲ್ಲ. ಇನ್ನೊಂದು ಮಾತು: ಎಲೆಕ್ಟ್ರಂನ ಸೀಡ್ ಅದರದೇ ಮಾದರಿಯದ್ದು. ಬೇರೆ ವಾಲೆಟ್ಟುಗಳು ಬಳಸುವ 2048 ಪದಗಳ ಬಿಐಪಿ39 ಮಾದರಿಯೊಡನೆ ಅದು ಹೊಂದುವುದಿಲ್ಲವಾದ್ದರಿಂದ ಕಾಗದದ ಮೇಲೆ ‘ಎಲೆಕ್ಟ್ರಂ’ ಎಂದೂ ಬರೆದಿಡಿ.

ಮತ್ತೆ ಜಾಲಕ್ಕೆ

ಮುಂದಿನ ಸಲ ವೈ-ಫೈಗೆ ಸೇರಿದಾಗ ಮೊದಲು ಬ್ರೌಸರಿನಲ್ಲಿ ಪ್ರವೇಶ ಪುಟದ ಕೆಲಸ ಮುಗಿಸಿ, ಆಮೇಲೆ ಎಲೆಕ್ಟ್ರಂ ತೆರೆಯಿರಿ. ಕೆಳಗೆ ಬಲಮೂಲೆಯ ಗುಂಡಿ ಹಸಿರಾದರೆ ಸರ್ವರಿನೊಡನೆ ಸಂಪರ್ಕವಾಗಿದೆ ಎಂದರ್ಥ. ಬ್ರೌಸರು ಚೆನ್ನಾಗಿ ನಡೆಯುತ್ತಿದ್ದರೂ ಗುಂಡಿ ಕೆಂಪಾಗಿಯೇ ಉಳಿಯುವುದು ಸಾರ್ವಜನಿಕ ಜಾಲಗಳಲ್ಲಿ ಅಪರೂಪವಲ್ಲ. ಎಲೆಕ್ಟ್ರಂ ಸರ್ವರುಗಳು ಸಾಮಾನ್ಯವಾಗಿ 50002ನೇ ಪೋರ್ಟಿನಲ್ಲಿ, ಅಂದರೆ ಸಂಪರ್ಕಕ್ಕಿರುವ ಆ ಸಂಖ್ಯೆಯ ಬಾಗಿಲಿನಲ್ಲಿ, ಮಾತಾಡುತ್ತವೆ. ವೆಬ್ ಪುಟಗಳಿಗೆ ಬೇಕಾದ 80 ಮತ್ತು 443ನ್ನು ಮಾತ್ರ ತೆರೆದಿಟ್ಟ ಜಾಲ ಅದನ್ನು ತಡೆಯುತ್ತದೆ. ಆಗ ಸಂಪರ್ಕವನ್ನು ಹಲವು ಕಂಪ್ಯೂಟರುಗಳ ಮೂಲಕ ಸುತ್ತಿಸಿ ಮೂಲವನ್ನು ಮರೆಮಾಡುವ ಟಾರ್ ಬ್ರೌಸರನ್ನು ತೆರೆದಿಟ್ಟು, ಎಲೆಕ್ಟ್ರಂನ ಜಾಲದ ಆಯ್ಕೆಗಳಲ್ಲಿ ಪ್ರಾಕ್ಸಿಯಾಗಿ (ನಡುವಿನ ದಾರಿಯಾಗಿ) 9150ನೇ ಪೋರ್ಟನ್ನು ಸೂಚಿಸಬಹುದು. ಗುಂಡಿ ನೀಲಿಯಾದರೆ ಸಂಪರ್ಕ ಟಾರ್ ಮೂಲಕ ಹೋಗುತ್ತಿದೆ. ಟಾರ್‌ನಿಂದ ಇನ್ನೊಂದು ಲಾಭವಿದೆ. ಎಲೆಕ್ಟ್ರಂ ಸರ್ವರಿಗೆ ನಿಮ್ಮ ಬಿಟ್‌ಕಾಯಿನ್ ವಿಳಾಸಗಳು ತಿಳಿಯುತ್ತವೆ. ಟಾರ್ ಇದ್ದರೆ ಆ ವಿಳಾಸಗಳು ಯಾವ ಜಾಲದಿಂದ ಬಂದವೆಂಬುದು ಅದಕ್ಕೆ ತಿಳಿಯುವುದಿಲ್ಲ. ಟಾರ್ ಕೂಡ ನಡೆಯದಿದ್ದರೆ ಮೊಬೈಲ್ ಹಾಟ್‌ಸ್ಪಾಟ್ ಸಾಕು, ವಾಲೆಟ್ಟಿಗೆ ಬೇಕಾಗುವ ಡೇಟಾ ಕಡಿಮೆ.

ನಿಜವಾದ ಹಣವನ್ನು ಹಾಕುವ ಮೊದಲು ಟೆಸ್ಟ್‌ನೆಟ್ ಎಂಬ ಬಿಟ್‌ಕಾಯಿನ್‌ನ ಪ್ರಯೋಗದ ಜಾಲದಲ್ಲಿ ಕೈ ಪಳಗಿಸಿಕೊಳ್ಳಿ ಎಂದು ಒತ್ತಾಯದಿಂದ ಹೇಳುತ್ತೇನೆ. ವಿಂಡೋಸಿನಲ್ಲಿ ಎಲೆಕ್ಟ್ರಂ ಹಾಕಿಕೊಂಡಾಗ ಪಟ್ಟಿಯಲ್ಲಿ ‘ಎಲೆಕ್ಟ್ರಂ ಟೆಸ್ಟ್‌ನೆಟ್’ ಎಂಬುದೂ ಸೇರಿರುತ್ತದೆ. ಅಲ್ಲಿನ ನಾಣ್ಯಕ್ಕೆ ಬೆಲೆಯಿಲ್ಲ, ಉಚಿತವಾಗಿ ಹಂಚುವ ತಾಣಗಳಿವೆ. ಅಲ್ಲೊಂದು ವಾಲೆಟ್ ಮಾಡಿ, ನಾಣ್ಯ ಪಡೆದು, ವಾಲೆಟ್ ಕಡತವನ್ನು ಬೇಕೆಂದೇ ಅಳಿಸಿ, ಕಾಗದ ನೋಡಿ ಹನ್ನೆರಡು ಪದಗಳಿಂದ ಮತ್ತೆ ಕಟ್ಟಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಒಂದು ಪದದ ಅಕ್ಷರವನ್ನೇ ನನ್ನ ಬರವಣಿಗೆಯಲ್ಲಿ ಗುರುತಿಸಲಾಗಲಿಲ್ಲ. ಬಿಡಿ ಅಕ್ಷರಗಳಲ್ಲಿ ಬರೆಯಿರಿ ಎಂದು ಮೇಲೆ ಹೇಳಿದ್ದು ಆ ಅನುಭವದಿಂದ.

ನಿಜ ಹಣದ ಹಂತ

ಭಾರತದಲ್ಲಿ ರೂಪಾಯಿ ಕೊಟ್ಟು ಬಿಟ್‌ಕಾಯಿನ್ ಕೊಳ್ಳುವ ವಿನಿಮಯ ತಾಣಗಳನ್ನು 2023ರ ಮಾರ್ಚ್ 7ರ ಅಧಿಸೂಚನೆಯಿಂದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಅಡಿಗೆ ತರಲಾಗಿದೆ. ನೀವು ಆರಿಸುವ ತಾಣ ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿದೆಯೇ, ಕೊಂಡದ್ದನ್ನು ಸ್ವಂತ ವಾಲೆಟ್ಟಿಗೆ ಕಳುಹಿಸಲು ಬಿಡುತ್ತದೆಯೇ ಎಂಬೆರಡನ್ನೂ ಮೊದಲೇ ವಿಚಾರಿಸಿ. ಲಾಭದ ಮೇಲೆ ಶೇ 30ರಷ್ಟು ತೆರಿಗೆ 2022ರ ಏಪ್ರಿಲ್‌ನಿಂದಲೂ, ಮಾರಾಟದ ಮೊತ್ತದ ಮೇಲೆ ಶೇ 1ರಷ್ಟು ಮೂಲದಲ್ಲೇ ಕಡಿತ ಅದೇ ವರ್ಷದ ಜುಲೈನಿಂದಲೂ ಬಂದಿವೆ. ಹಾಗಾಗಿ ಮೊದಲ ದಿನದಿಂದಲೇ ಲೆಕ್ಕ ಬರೆದಿಡಬೇಕು. ಈ ತಾಣಗಳಿಗೆ ಲಾಗಿನ್ ಆಗುವುದು, ಆಧಾರ್ ಮತ್ತು ಪ್ಯಾನ್ ಚಿತ್ರಗಳನ್ನು ಕಳುಹಿಸುವುದು, ಇವನ್ನು ಮಾತ್ರ ಸಾರ್ವಜನಿಕ ವೈ-ಫೈಯಲ್ಲಿ ಮಾಡದೆ ನಿಮ್ಮ ಮೊಬೈಲ್ ಡೇಟಾದಲ್ಲೇ ಮಾಡಿ. ಅಲ್ಲಿ ಕಳ್ಳನಿಗೆ ಬೇಕಾದದ್ದು ಗುಪ್ತಪದ ಮತ್ತು ಒಟಿಪಿ, ಅವನ್ನು ನಕಲಿ ಪುಟದಿಂದ ಕಸಿಯಬಹುದು.

ವಾಲೆಟ್ಟಿನಿಂದ ಹಣ ಕಳುಹಿಸುವ ವಿಷಯ ಹಾಗಿಲ್ಲ. ಎಲೆಕ್ಟ್ರಂ ವಹಿವಾಟಿಗೆ ಸಹಿ ಹಾಕುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ. ಜಾಲಕ್ಕೆ ಹೋಗುವುದು ಸಹಿಯಾದ ವಹಿವಾಟು ಮಾತ್ರ. ದಾರಿಯಲ್ಲಿ ಕುಳಿತವನು ಅದನ್ನು ತಡೆಯಬಹುದೇ ಹೊರತು ಮೊತ್ತವನ್ನಾಗಲಿ ಸ್ವೀಕರಿಸುವ ವಿಳಾಸವನ್ನಾಗಲಿ ತಿದ್ದಲಾರ, ತಿದ್ದಿದರೆ ಸಹಿ ಕೆಟ್ಟು ವಹಿವಾಟು ತಿರಸ್ಕೃತವಾಗುತ್ತದೆ. ಅಪಾಯವಿರುವುದು ಸಹಿಗೆ ಮುಂಚೆ. ನಕಲಿಸಿ ಅಂಟಿಸುವಾಗ ವಿಳಾಸವನ್ನು ಬದಲಿಸಿಬಿಡುವ ಕುತಂತ್ರಾಂಶಗಳಿವೆ. ಅಂಟಿಸಿದ ಮೇಲೆ ವಿಳಾಸದ ಆರಂಭದ ಮತ್ತು ಕೊನೆಯ ಆರೆಂಟು ಅಕ್ಷರಗಳನ್ನು ಓದಿ ಹೋಲಿಸಿ. ಮೊದಲ ಸಲ ಕಳೆದುಕೊಂಡರೂ ಸಹಿಸಬಹುದಾದ ಸಣ್ಣ ಮೊತ್ತವನ್ನು ವಾಲೆಟ್ಟಿಗೆ ತರಿಸಿ, ಸರಾಸರಿ ಹತ್ತು ನಿಮಿಷಕ್ಕೊಂದರಂತೆ ಸೇರುವ ಬ್ಲಾಕುಗಳಲ್ಲಿ ಅದು ದೃಢಪಟ್ಟ ಮೇಲೆ ಉಳಿದದ್ದನ್ನು ತರಿಸಿ.

ಕೆಲಸ ಮುಗಿದ ಮೇಲೆ ಆ ಜಾಲವನ್ನು ಮರೆತುಬಿಡುವಂತೆ ಲ್ಯಾಪ್‌ಟಾಪಿಗೆ ಹೇಳಿ, ಇಲ್ಲದಿದ್ದರೆ ಅದೇ ಹೆಸರಿನ ನಕಲಿ ಜಾಲಕ್ಕೂ ಅದು ತಾನಾಗಿ ಸೇರಿಕೊಳ್ಳುತ್ತದೆ. ಹೊಸ ಆವೃತ್ತಿ ಬಂದಾಗ ಸಹಿಯ ಪರಿಶೀಲನೆಯನ್ನು ಮತ್ತೆ ಮಾಡಬೇಕು. 2018ರ ಡಿಸೆಂಬರಿನಲ್ಲಿ ದುಷ್ಟ ಸರ್ವರುಗಳು ಎಲೆಕ್ಟ್ರಂನ ಕಿಟಕಿಯೊಳಗೇ ‘ಹೊಸ ಆವೃತ್ತಿ ಹಾಕಿಕೊಳ್ಳಿ’ ಎಂಬ ಸಂದೇಶ ತೋರಿಸಿ, ನಂಬಿದವರಿಂದ 200ಕ್ಕೂ ಹೆಚ್ಚು ಬಿಟ್‌ಕಾಯಿನ್ ದೋಚಿದವು. ಆ ದೋಷವನ್ನು ಬೇಗನೆ ಸರಿಪಡಿಸಲಾಯಿತು, ಆದರೆ ಆ ಜನ ಕಳೆದುಕೊಂಡದ್ದು ಮರಳಲಿಲ್ಲ. ಅವರಲ್ಲಿ ಸಹಿಯನ್ನು ಪರಿಶೀಲಿಸಿದವರು ಯಾರಾದರೂ ಇದ್ದಿದ್ದರೆ, ಆ ನಕಲಿ ಕಡತ ಅವರ ಕಣ್ಣೆದುರೇ ಸಿಕ್ಕಿಬೀಳುತ್ತಿತ್ತು.